ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಗಿಟಾರ್, ಮಡಿಕೇರಿಯ ನಾಲ್ಕು ಮಳೆಗಾಲ: ಯಾವ ಕೆಲಸ ಉಳಿಯಿತು, ಯಾವುದು ಕೊಚ್ಚಿಹೋಯಿತು

ಗಿಟಾರ್ ಸ್ಟ್ರಾಟ್ (ಸ್ಟ್ರಾಟೊಕ್ಯಾಸ್ಟರ್) ಮಾದರಿಯದು. ಬಾಸ್‌ವುಡ್ ಬಾಡಿ, ನಾಲ್ಕು ಸ್ಕ್ರೂಗಳಲ್ಲಿ ಕೂತ ಮೇಪಲ್ ನೆಕ್, ಬೀಟೆಯ ಫ್ರೆಟ್‌ಬೋರ್ಡ್, 22 ಫ್ರೆಟ್ (ಬೋರ್ಡಿಗೆ ಅಡ್ಡಲಾಗಿ ಹೂತ ಲೋಹದ ಪಟ್ಟಿ), ಮೂರು ಸಿಂಗಲ್ ಕಾಯಿಲ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅಯಸ್ಕಾಂತದ ಸುರುಳಿ). ಕೊಂಡಾಗ ಅದಕ್ಕೆ ಹತ್ತು ವರ್ಷ ವಯಸ್ಸಾಗಿತ್ತು, ಬೆಲೆ 6,500 ರೂಪಾಯಿ. ಆಮೇಲೆ ನಾಲ್ಕು ವರ್ಷದಲ್ಲಿ ಅದರ ಮೇಲೆ ಸುರಿದದ್ದು 11,150. ಕಂಪನಿಯ ಹೆಸರು ಹಾಕುತ್ತಿಲ್ಲ. ಈ ಬೆಲೆಯ ಯಾವ ಗಿಟಾರ್ ಬಿಚ್ಚಿದರೂ ಒಳಗೆ ಸಿಗುವುದು ಹೆಚ್ಚುಕಡಿಮೆ ಇದೇ ಸಾಮಾನು.

ಮೊದಲೇ ಹೇಳಿಬಿಡುವ ಮಾತೊಂದಿದೆ. ಬೆಂಗಳೂರಿನಲ್ಲಿ ಕೂತು ಬರೆದ ರಿಪೇರಿ ಸಲಹೆಗಳು ಕೊಡಗಿನಲ್ಲಿ ಅರ್ಧ ಮಾತ್ರ ನಡೆಯುತ್ತವೆ. ಕೆಲಸ ಅದೇ, ಮಾಡುವ ತಿಂಗಳು ಬೇರೆ. ಜುಲೈಯಲ್ಲಿ ಮನೆಯೊಳಗಿನ ತೇವಾಂಶ ಮಾಪಕ 90ರ ಆಸುಪಾಸಿನಲ್ಲೇ ಕೂತಿರುತ್ತದೆ, ಫೆಬ್ರವರಿ ಮಧ್ಯಾಹ್ನ 45ಕ್ಕೆ ಇಳಿಯುತ್ತದೆ. ಮರ ಅಡ್ಡಕ್ಕೆ ಹಿಗ್ಗುತ್ತದೆ, ಕುಗ್ಗುತ್ತದೆ. ಅದರಲ್ಲಿ ಹೂತ ಲೋಹ ಹಾಗೇ ಇರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನೆಕ್ಕಿನ ಅಂಚಿಗೆ ಕೈ ಆಡಿಸಿದರೆ ಗರಗಸದ ಹಲ್ಲಿನಂತೆ ಫ್ರೆಟ್ ತುದಿಗಳು ಚುಚ್ಚುತ್ತವೆ, ಮಳೆಗಾಲದಲ್ಲಿ ಮಾಯವಾಗುತ್ತವೆ. ಜುಲೈಯಲ್ಲಿ ಅರ ಹಾಕಿ ಸರಿಯಾಯಿತು ಎಂದುಕೊಂಡರೆ ಮುಂದಿನ ಕಾಫಿ ಕೊಯ್ಲಿಗೆ ಮತ್ತೆ ಅದೇ ಗೋಳು. ತುದಿ ಉಜ್ಜುವುದು ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರದಲ್ಲಿ, ಮರ ತೀರಾ ಒಣಗಿದಾಗ. ಅರವನ್ನು ಸುಮಾರು 35 ಡಿಗ್ರಿ ಓರೆಗೆ ಹಿಡಿದು, ನೆಕ್ಕಿನ ಉದ್ದಕ್ಕೂ ಒಂದೇ ದಿಕ್ಕಿನಲ್ಲಿ ಎಳೆಯಬೇಕು. ಹೀಗೆ ಒಮ್ಮೆ ಮಾಡಿದ ಮೇಲೆ ಮೂರು ವರ್ಷದಿಂದ ಅದರ ತಂಟೆಗೆ ಹೋಗಬೇಕಾಗಿಲ್ಲ.

ಫ್ರೆಟ್ ಮಟ್ಟ ಮಾಡುವುದೂ ಒಣ ಕಾಲದ ಕೆಲಸವೇ. ತಂತಿ ತೆಗೆದು, ಟ್ರಸ್ ರಾಡ್ (ನೆಕ್ಕಿನ ಬಾಗು ತಿದ್ದಲು ಅದರೊಳಗೆ ಇಟ್ಟ ಸರಳು) ತಿರುಗಿಸಿ ನೆಕ್ಕನ್ನು ಪೂರ್ತಿ ನೇರ ಮಾಡಿ, ಮರಕ್ಕೆ ಮಾಸ್ಕಿಂಗ್ ಟೇಪ್ ಹಚ್ಚಿ, ಪ್ರತಿ ಫ್ರೆಟ್ಟಿನ ನೆತ್ತಿಗೆ ಮಾರ್ಕರ್ ಪೆನ್ನಿನ ಮಸಿ ಬಳಿಯಬೇಕು. ನೇರವಾದ ಅಲ್ಯೂಮಿನಿಯಂ ಪಟ್ಟಿಗೆ 320 ನಂಬರಿನ ಎಮರಿ ಪೇಪರ್ ಅಂಟಿಸಿ, ಭಾರ ಹಾಕದೆ ಉದ್ದಕ್ಕೆ ಎಳೆದರೆ ಎತ್ತರದ ಫ್ರೆಟ್ಟಿನ ಮಸಿ ಮೊದಲು ಹೋಗುತ್ತದೆ. ತಗ್ಗಿದ್ದುದರ ಮಸಿ ಉಳಿಯುತ್ತದೆ. ಈ ಗಿಟಾರಿನಲ್ಲಿ ಕೊನೆಯವರೆಗೂ ಮಸಿ ಬಿಡದೆ ಕಾಡಿದವು 2 ಮತ್ತು 3ನೇ ಫ್ರೆಟ್, ಅದೂ ಮೂರು ತೆಳು ತಂತಿಗಳ ಕೆಳಗೆ ಮಾತ್ರ. ಓಪನ್ ಕಾರ್ಡ್ ಒತ್ತಿ ಒತ್ತಿ ಆದ ಹಳ್ಳ ಅದು. ಎಲ್ಲ ಕಡೆ ಮಸಿ ಹೋದ ಕೂಡಲೇ ನಿಲ್ಲಿಸಬೇಕು. ಫ್ರೆಟ್ಟಿನ ಎತ್ತರ 0.8 ಮಿ.ಮೀ.ಗಿಂತ ಕೆಳಗೆ ಹೋಗುವಂತಿದ್ದರೆ ಉಜ್ಜುವ ಕೆಲಸ ಬಿಟ್ಟು ಹೊಸ ಫ್ರೆಟ್ ಹಾಕಿಸುವುದೇ ಸರಿ. ಮಟ್ಟವಾದ ಮೇಲೆ ನೆತ್ತಿ ಚಪ್ಪಟೆಯಾಗಿರುತ್ತದೆ, ಕ್ರೌನಿಂಗ್ ಅರದಿಂದ ಮತ್ತೆ ದುಂಡಗೆ ಮಾಡಬೇಕು. ಇದನ್ನು ಬಿಟ್ಟವರೇ ಜಾಸ್ತಿ. ಚಪ್ಪಟೆ ನೆತ್ತಿಯ ಮೇಲೆ ತಂತಿ ನಿಲ್ಲುವ ಬಿಂದು ಹಿಂದೆ ಮುಂದೆ ಆಗಿ ಸ್ವರ ಎಲ್ಲಿಯೂ ಸರಿಯಾಗಿ ಕೂರುವುದಿಲ್ಲ. ಆಮೇಲೆ 400, 600, 1000, 2000 ಎಂದು ನಯ ಮಾಡುತ್ತ ಬಂದರೆ ಸಾಕು. ಸ್ಟೀಲ್ ವುಲ್ ಬಳಸುವುದಾದರೆ ಪಿಕಪ್‌ಗಳನ್ನು ಟೇಪಿನಿಂದ ಮುಚ್ಚಲೇಬೇಕು, ಅಯಸ್ಕಾಂತಕ್ಕೆ ಹತ್ತಿದ ಉಕ್ಕಿನ ಪುಡಿ ಪೂರ್ತಿ ಬಿಡಿಸಲು ಆಗದ ಮಾತು.

ಫ್ರೆಟ್ ಮೇಲೆ ಹಸಿರು ಕಿಲುಬು ಕಂಡು ಹೆದರಬೇಕಿಲ್ಲ. ಫ್ರೆಟ್ಟಿನ ಲೋಹ ಹೆಸರಿನಲ್ಲಷ್ಟೇ ನಿಕಲ್ ಸಿಲ್ವರ್, ಒಳಗೆ ಬೆಳ್ಳಿಯ ಸುಳಿವೂ ಇಲ್ಲ. ಬಹುಪಾಲು ತಾಮ್ರ, ಜತೆಗೆ ನಿಕಲ್ ಮತ್ತು ಸತು.

ಬೋರ್ಡಿನ ಮರದ ಬಗ್ಗೆ ಒಂದು ಮಾತು. ಬೀಟೆ ಎಂದರೆ ನಮ್ಮ ತೋಟದ ನೆರಳಿಗೆ ನಿಂತಿರುವ ಅದೇ ಬೀಟೆ, ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. 2017ರ ಜನವರಿಯಲ್ಲಿ ಡಾಲ್ಬರ್ಜಿಯಾ ಕುಲವೆಲ್ಲ ಸೈಟಿಸ್ (ಅಪಾಯದಲ್ಲಿರುವ ಗಿಡ-ಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಗೆ ಸೇರಿದ ಮೇಲೆ ಅಗ್ಗದ ಗಿಟಾರ್‌ಗಳಿಗೆ 'ಇಂಡಿಯನ್ ಲಾರೆಲ್' ಬಂತು. ಹೆಸರು ಹೊಸದು, ಮರ ನಮ್ಮ ಮತ್ತಿಯೇ. 2019ರ ಕೊನೆಗೆ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕರೂ ಅಗ್ಗದ ಸಾಲಿನಲ್ಲಿ ಮತ್ತಿ ಉಳಿದುಕೊಂಡಿದೆ. ಯಾವುದೇ ಇರಲಿ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಬೆರಳಿನ ಜಿಡ್ಡು ಕೂತ ಕಡೆ ಬಿಳಿ ಬೂಷ್ಟು ಬಂದೇ ಬರುತ್ತದೆ. ಒಣ ಬ್ರಷ್‌ನಿಂದ ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪವೇ ತಾಗಿಸಿದ ಬಟ್ಟೆಯಿಂದ ಒರೆಸಿ. ಎಣ್ಣೆ ಕಾಣಿಸುವುದು ವರ್ಷಕ್ಕೆ ಒಂದೇ ಸಲ, ಒಣ ಕಾಲದಲ್ಲಿ. ಇಡೀ ಬೋರ್ಡಿಗೆ ನಾಲ್ಕೈದು ಹನಿ ಮಿನರಲ್ ಆಯಿಲ್, ಹತ್ತು ನಿಮಿಷ ಬಿಟ್ಟು ಪೂರ್ತಿ ಒರೆಸಬೇಕು. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ, ಕಮಟುತ್ತದೆ.

ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಫಲ ಕೊಟ್ಟದ್ದು 350 ರೂಪಾಯಿಯ ಮೂಳೆ ನಟ್, ಅಂದರೆ ನೆಕ್ಕಿನ ತಲೆಯ ಕಡೆ ತಂತಿಗಳು ಕೂರುವ ಸೀಳುಗಳ ಪಟ್ಟಿ. ಹಳೆಯ ಪ್ಲಾಸ್ಟಿಕ್ ನಟ್ ಪೊಳ್ಳು, ಜಿ ತಂತಿ ಅದರಲ್ಲಿ ಸಿಕ್ಕಿಕೊಂಡು 'ಟಿಂಗ್' ಎನ್ನುತ್ತಿತ್ತು. ಟ್ಯೂನರ್ (ತಂತಿ ಬಿಗಿಸುವ ತಿರುಪು) ಕೆಟ್ಟಿದೆ ಎಂದು ಜನ ಹೊಸ ಟ್ಯೂನರ್ ತರಿಸುವುದು ಹೆಚ್ಚಾಗಿ ಈ ಶಬ್ದ ಕೇಳಿಯೇ. ಹಳೆಯದನ್ನು ಬಡಿದು ತೆಗೆಯುವ ಮೊದಲು ಸುತ್ತಲಿನ ವಾರ್ನಿಷ್‌ಗೆ ಬ್ಲೇಡಿನಿಂದ ಗೀರು ಹಾಕದಿದ್ದರೆ ಬಣ್ಣದ ಸಿಬಿರು ಅದರ ಜತೆಗೇ ಎದ್ದು ಬರುತ್ತದೆ. ಹೊಸದರ ಅಗಲ 42 ಬೇಕೋ 43 ಮಿ.ಮೀ. ಬೇಕೋ, ತಳ ಚಪ್ಪಟೆಯೋ ಬಾಗಿದ್ದೋ ನೋಡಿಯೇ ತರಿಸಿ. ಸೀಳಿನ ಆಳಕ್ಕೆ ಪರೀಕ್ಷೆ ಸುಲಭ: ತಂತಿಯನ್ನು 3ನೇ ಫ್ರೆಟ್ಟಿನಲ್ಲಿ ಒತ್ತಿದಾಗ 1ನೇ ಫ್ರೆಟ್ಟಿನ ಮೇಲೆ ಒಂದು ಹಾಳೆ ಕಾಗದದಷ್ಟು ಸಂದು ಉಳಿಯಬೇಕು. ಸಂದೇ ಇಲ್ಲವೆಂದರೆ ಆಳ ಹೆಚ್ಚಾಯಿತು, ಓಪನ್ ತಂತಿ ಗುರ್ ಎನ್ನುತ್ತದೆ. ಮೂಳೆ ಪುಡಿಗೆ ಫೆವಿಕ್ವಿಕ್ ಹನಿಸಿ ತುಂಬಬಹುದು, ಆದರೆ ಆ ತೇಪೆ ಒಂದು ವರ್ಷ ಬಂದರೆ ಹೆಚ್ಚು. ಸೀಳಿಗೆ ಪೆನ್ಸಿಲ್ ಸೀಸದ ಪುಡಿ ಹಾಕಿದರೆ ಬೇರೆ ಏನೂ ಬೇಕಿಲ್ಲ.

ನೆಕ್ ಬಿಚ್ಚಿದಾಗ ಎರಡು ಸ್ಕ್ರೂಗಳಿಗೆ ಹಿಡಿತವೇ ಇರಲಿಲ್ಲ. ಹಿಡಿತ ಇರಬೇಕಾದದ್ದು ನೆಕ್ಕಿನ ಮೇಪಲ್‌ನಲ್ಲಿ ಮಾತ್ರ, ಬಾಡಿಯ ತೂತಿನಲ್ಲಿ ಸ್ಕ್ರೂ ಸರಾಗ ಜಾರಬೇಕು. ಎರಡೂ ಕಡೆ ಕಚ್ಚಿದರೆ ನಡುವೆ ಸಂದು ಉಳಿದು ನೆಕ್ ಬಿಗಿಯಾಗಿ ಕೂರುವುದಿಲ್ಲ. ಸವೆದ ತೂತಿಗೆ ಕಪಾತು ಮಾಡಿದ ಕಾಫಿ ರೆಂಬೆಯ ಕಡ್ಡಿ ಚೆನ್ನಾಗಿ ಒಗ್ಗಿತು. ವರ್ಷವಾದರೂ ಒಣಗಿದ ರೆಂಬೆಯನ್ನು ತೂತಿನ ಗಾತ್ರಕ್ಕೆ ಕೆತ್ತಿ, ಫೆವಿಕಾಲ್ ಹಾಕಿ ಬಡಿದು, ಮಾರನೆಯ ದಿನ ಮಟ್ಟಕ್ಕೆ ಕತ್ತರಿಸಿ 3 ಮಿ.ಮೀ. ತೂತು ಕೊರೆದರಾಯಿತು. ಕಾಫಿ ಮರ ಗಟ್ಟಿ, ಸೀಳುವುದು ಕಡಿಮೆ.

ಇನ್ನು ವಿದ್ಯುತ್ ಭಾಗ. ಮಳೆಗಾಲ ನಿಜವಾಗಿ ಕಚ್ಚುವುದು ಇಲ್ಲಿ. ಮೂಲದಲ್ಲಿ ಇದ್ದದ್ದು 16 ಮಿ.ಮೀ.ನ ಸಣ್ಣ ಪಾಟ್‌ಗಳು (ವಾಲ್ಯೂಮ್, ಟೋನ್ ಗುಬುಟುಗಳ ಕೆಳಗಿನ ಪೊಟೆನ್ಷಿಯೋಮೀಟರ್) ಮತ್ತು ಪಿಕಪ್ ಆಯುವ, ಮುಚ್ಚಿದ ಡಬ್ಬಿಯಂಥ ಐದು ಸ್ಥಾನದ ಸ್ವಿಚ್. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೂವತ್ತು ಸಲ ತಿರುಗಿಸಿದರೆ ಕರಕರ ಹೋಗುತ್ತಿತ್ತು, ಮುಂದಿನ ಸೆಪ್ಟೆಂಬರಿಗೆ ಸರಿಯಾಗಿ ವಾಪಸ್ಸು ಬರುತ್ತಿತ್ತು. ಎರಡು ಮಳೆಗಾಲ ಈ ಆಟ ನಡೆದ ಮೇಲೆ 250 ಕಿಲೋ ಓಮ್‌ನ ದೊಡ್ಡ ಪಾಟ್ ಮೂರು, ತೆರೆದ ಎಲೆಯ ಸ್ವಿಚ್, ಹೊಸ ಜಾಕ್ ಸೇರಿ 2,400 ರೂಪಾಯಿ ಆಯಿತು. ಇಲ್ಲಿ ಮೂರು ಕಡೆ ಎಡವುತ್ತಾರೆ. ಇಂಚಿನ ಅಳತೆಯ ಪಾಟ್‌ಗೆ 9.5 ಮಿ.ಮೀ. ತೂತು ಬೇಕು, ಹಳೆಯದು ಅದಕ್ಕಿಂತ ಚಿಕ್ಕದು. ಡ್ರಿಲ್ ಹಾಕಿದರೆ ಪ್ಲಾಸ್ಟಿಕ್ ಪಿಕ್‌ಗಾರ್ಡ್ ಬಿರಿಯುತ್ತದೆ, ಕೈಯ ರೀಮರ್‌ನಿಂದಲೇ ನಿಧಾನವಾಗಿ ದೊಡ್ಡದು ಮಾಡಬೇಕು. ಹಳೆಯ ಗುಬುಟುಗಳ ಒಳಗೆ 18 ಹಲ್ಲು, ಹೊಸ ಪಾಟ್‌ಗೆ 24, ಒತ್ತಿ ಕೂರಿಸಿದರೆ ಗುಬುಟು ಸೀಳುತ್ತದೆ. ಎಲೆ ಸ್ವಿಚ್ ಆಳ ಜಾಸ್ತಿ, ಬಾಡಿಯ ಕುಳಿಯ ಗೋಡೆಗೆ ಹಚ್ಚಿದ ತಾಮ್ರದ ಫಾಯಿಲ್‌ಗೆ ಅದರ ಕಿವಿ (ವೈರ್ ಬೆಸೆಯುವ ತುದಿ) ತಾಗಿದರೆ ಆ ಸ್ಥಾನದಲ್ಲಿ ಗಿಟಾರ್ ಮೂಕವಾಗುತ್ತದೆ. ಎರಡು ಸುತ್ತು ಇನ್ಸುಲೇಶನ್ ಟೇಪ್ ಅಂಟಿಸಿದರೆ ಮುಗಿಯಿತು, ಕಾರಣ ಗೊತ್ತಿಲ್ಲದಿದ್ದರೆ ಮಾತ್ರ ದಿನವೆಲ್ಲ ಹುಡುಕಾಟ.

ಸ್ವಿಚ್ ಬಿಚ್ಚಿದ್ದಾಗಲೇ ಖರ್ಚಿಲ್ಲದ ಒಂದು ಬದಲಾವಣೆ ಮಾಡಿಕೊಳ್ಳಿ. ಮೂಲ ವೈರಿಂಗ್‌ನಲ್ಲಿ ಬ್ರಿಡ್ಜ್ (ಬಾಡಿಯ ಮೇಲೆ ತಂತಿಗಳು ಕೂರುವ ಲೋಹದ ಭಾಗ) ಪಕ್ಕದ ಪಿಕಪ್‌ಗೆ ಟೋನ್ ಪಾಟ್ ಇರುವುದಿಲ್ಲ, ಕಿವಿ ಚುಚ್ಚುವ ಸದ್ದು. ಎರಡನೇ ಟೋನ್‌ನ ಕಿವಿಯಿಂದ ಬ್ರಿಡ್ಜ್ ಸ್ಥಾನದ ಕಿವಿಗೆ ಎರಡಂಗುಲ ವೈರ್ ಎಳೆದರೆ ಅದು ಪಳಗುತ್ತದೆ. ವಾಲ್ಯೂಮ್ ತಗ್ಗಿಸಿದಾಗ ಸದ್ದು ಮಂಕಾಗದಿರಲು 150 ಕಿಲೋ ಓಮ್ ರೆಸಿಸ್ಟರ್ ಮತ್ತು 680 ಪಿಕೊಫ್ಯಾರಡ್ ಕೆಪಾಸಿಟರನ್ನು ಸಮಾನಾಂತರವಾಗಿ (ಪ್ಯಾರಲಲ್) ಪಾಟ್‌ನ ಒಳಬರುವ ಮತ್ತು ಹೊರಹೋಗುವ ಕಿವಿಗಳ ನಡುವೆ ಹಾಕಬಹುದು.

ಕುಳಿಗೆ ತಾಮ್ರದ ಫಾಯಿಲ್ ಟೇಪ್ ಹಚ್ಚಿದ್ದು 400 ರೂಪಾಯಿಯ ಕೆಲಸ. ಅಂಟು ವಿದ್ಯುತ್ ಹರಿಸುವಂಥದ್ದು ಎಂದು ಬರೆದಿದ್ದರೂ ನಂಬಬೇಡಿ. ಹಚ್ಚಿದ ದಿನ ಪಟ್ಟಿಯಿಂದ ಪಟ್ಟಿಗೆ 1 ಓಮ್‌ಗಿಂತ ಕಡಿಮೆ ತೋರಿಸಿದ ಜೋಡಣೆಗಳು ಎರಡನೇ ಮಳೆಗಾಲಕ್ಕೆ ನೂರಾರು ಓಮ್ ತೋರಿಸಿದವು. ಪ್ರತಿ ಜೋಡಣೆಗೂ ಒಂದು ಚುಕ್ಕೆ ಸೋಲ್ಡರ್ ಇಟ್ಟ ಮೇಲೆ ಮಲ್ಟಿಮೀಟರ್ ಅಲುಗಿಲ್ಲ. ಇದಕ್ಕೂ ಪಾಟ್‌ಗಳಿಗೂ 40 ವಾಟ್ ಐರನ್ ಸಾಕು. ಹಿಂಬದಿಯ ಸ್ಪ್ರಿಂಗ್ ಹಿಡಿಯುವ ಕ್ಲಾಗೆ ಗ್ರೌಂಡ್ ವೈರ್ ಕೂರಿಸಲು ಮಾತ್ರ 60 ವಾಟ್ ಬೇಕೇ ಬೇಕು, ಇಲ್ಲದಿದ್ದರೆ ಸೋಲ್ಡರ್ ಮುದ್ದೆಯಾಗಿ ಕೂತು ತಿಂಗಳಲ್ಲಿ ಕಳಚುತ್ತದೆ.

ಫಾಯಿಲ್ ಎಲ್ಲ ಗುಂಯ್‌ಗುಟ್ಟುವಿಕೆಯನ್ನೂ ನಿಲ್ಲಿಸುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಅಯಸ್ಕಾಂತ ಕ್ಷೇತ್ರದಿಂದ ಬರುವ 50 ಹರ್ಟ್ಸ್ ಗುಂಯ್ ತಾಮ್ರಕ್ಕೆ ಜಗ್ಗುವುದಿಲ್ಲ. ಮಳೆಗೆ ಕರೆಂಟ್ ಹೋಗಿ ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಮನೆ ನಡೆಯುವಾಗಿನ ಕರ್ಕಶ ಝೇಂಕಾರವೂ ಪೂರ್ತಿ ಹೋಗುವುದಿಲ್ಲ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾದರೆ ಗಿಟಾರ್ ಸರಿಯಿದೆ. ಹೆಚ್ಚಾದರೆ ಜಾಕ್‌ನ ಎರಡು ವೈರ್ ಅದಲುಬದಲಾಗಿದೆಯೇ ಮೊದಲು ನೋಡಿ. ಆಂಪ್‌ನ ಮೂರು ಪಿನ್ ಪ್ಲಗ್ಗಿಗೆ ಸರಿಯಾದ ಅರ್ಥ್ ಇದೆಯೇ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಪರೀಕ್ಷಿಸಿಕೊಳ್ಳಬೇಕು, ಏಕೆಂದರೆ ನೀವು ಹಿಡಿದಿರುವ ತಂತಿ ಅದೇ ಅರ್ಥ್‌ಗೆ ಸೇರಿದೆ. ಏಪ್ರಿಲ್, ಮೇ ಗುಡುಗಿಗೆ ಪ್ಲಗ್ ಕಿತ್ತಿಡಿ.

ಬ್ರಿಡ್ಜ್‌ನ ಸ್ಯಾಡಲ್ (ಒಂದೊಂದು ತಂತಿ ಒರಗುವ ತುಣುಕು) ಸ್ಕ್ರೂಗಳು ತುಕ್ಕಿಗೆ ಕಲ್ಲಾಗಿದ್ದವು. ತುಕ್ಕು ಬಿಡಿಸುವ ಎಣ್ಣೆಯನ್ನು ಸೂಜಿ ತುದಿಯಲ್ಲಿ ಹನಿಸಿ, ರಾತ್ರಿಯೆಲ್ಲ ಬಿಟ್ಟು, ಕಾದ ಸೋಲ್ಡರಿಂಗ್ ಐರನ್ನನ್ನು ಸ್ಕ್ರೂ ತಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದರೆ ಹನ್ನೆರಡರಲ್ಲಿ ಒಂಬತ್ತು ಬಿಟ್ಟವು. ಉಳಿದ ಮೂರರ ಷಡ್ಭುಜ ತೂತು 1.5 ಮಿ.ಮೀ. ಆಲನ್ ಕೀಗೆ ಸವೆದುಹೋಯಿತು. ಹಾಗಾಗಿ ಇಡೀ ಬ್ರಿಡ್ಜ್ ಹೊಸದು, 2,800 ರೂಪಾಯಿ. ತರಿಸುವ ಮೊದಲು ಎರಡು ಅಳತೆ ತಪ್ಪದೆ ತೆಗೆದುಕೊಳ್ಳಿ: ಸ್ಯಾಡಲ್‌ನಿಂದ ಸ್ಯಾಡಲ್‌ಗೆ ದೂರ, ಮತ್ತು ಕೆಳಗಿನ ಬ್ಲಾಕ್‌ನ ಉದ್ದ. ತೆಳ್ಳನೆಯ ಬಾಡಿಗೆ ಪೂರ್ಣ ಗಾತ್ರದ ಬ್ಲಾಕ್ ಹಾಕಿದರೆ ಹಿಂದಿನಿಂದ ಹೊರಗೆ ಇಣುಕುತ್ತದೆ. ಐದು ಸ್ಪ್ರಿಂಗ್ ಹಾಕಿ ಬ್ರಿಡ್ಜನ್ನು ಬಾಡಿಗೆ ಒರಗಿಸಿ ನಿಲ್ಲಿಸಿದ ಮೇಲೆ ಶ್ರುತಿ ನಿಂತಿತು. ತೇಲಾಡುವ ಬ್ರಿಡ್ಜ್ ಬೇಕೆನ್ನುವವರು ಮಳೆಗಾಲದಲ್ಲಿ ದಿನವೂ ಶ್ರುತಿ ಮಾಡಿಕೊಳ್ಳಲು ತಯಾರಿರಬೇಕು.

ಹೊಂದಾಣಿಕೆಯ ಅಂಕಿಗಳು: 1ನೇ ಫ್ರೆಟ್ ಮತ್ತು ಕೊನೆಯ ಫ್ರೆಟ್ ಒತ್ತಿದಾಗ 8ನೇ ಫ್ರೆಟ್ಟಿನ ಮೇಲೆ 0.25 ಮಿ.ಮೀ. ಸಂದು, 17ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ 1.6 ಮಿ.ಮೀ. ಜೂನ್ ಕೊನೆಗೆ ಮತ್ತು ನವೆಂಬರಿಗೆ ಮತ್ತೆ ಅಳೆಯಬೇಕು. ನೆಕ್ ಯಾವ ಕಡೆಗೆ ಬಾಗುತ್ತದೆ ಎಂಬುದು ಆಯಾ ಮರದ ಸ್ವಭಾವ, ಅಳೆಯದೆ ಟ್ರಸ್ ರಾಡ್‌ಗೆ ಕೀ ಹಾಕಬಾರದು. ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ನೋಡಿ.

ಎಲ್ಲಕ್ಕಿಂತ ದುಬಾರಿ ಪಿಕಪ್‌ಗಳು, ಅಲ್ನಿಕೊ 5 ಅಯಸ್ಕಾಂತದ ಮೂರಕ್ಕೆ 4,500. ಹಳೆಯ ಸೆರಾಮಿಕ್‌ಗಿಂತ ಸದ್ದು ಮೃದುವಾಯಿತು, ನಡುವಿನದು ಉಲ್ಟಾ ಸುತ್ತಿನದಾದ್ದರಿಂದ 2 ಮತ್ತು 4ನೇ ಸ್ಥಾನದಲ್ಲಿ ಗುಂಯ್ ಇಲ್ಲ. ಆದರೂ ಮತ್ತೆ ಮೊದಲಿನಿಂದ ಮಾಡುವುದಾದರೆ ಇದಕ್ಕೆ ಕೊನೆಯ ಸರದಿ. ಹಳೆಯ ಪಿಕಪ್‌ಗಳನ್ನು ತಂತಿಯಿಂದ 2 ಮಿ.ಮೀ.ಗೆ ಇಳಿಸಿದ್ದರೆ ಅರ್ಧ ದೂರು ಅಲ್ಲೇ ಮುಗಿಯುತ್ತಿತ್ತು. ತೀರಾ ಹತ್ತಿರ ಇಟ್ಟರೆ ಅಯಸ್ಕಾಂತ ತಂತಿಯನ್ನು ಎಳೆದು ದಪ್ಪ ತಂತಿಯಲ್ಲಿ ಎರಡು ಸ್ವರ ಒಟ್ಟಿಗೆ ಅಲೆಯುತ್ತವೆ. ಅದನ್ನು ಕೇಳಿ ಇಂಟೊನೇಶನ್ (ಎಲ್ಲ ಫ್ರೆಟ್ಟಿನಲ್ಲೂ ಸ್ವರ ಶ್ರುತಿಗೆ ಕೂರುವುದು) ಸರಿಯಿಲ್ಲವೆಂದು ಸ್ಯಾಡಲ್ ತಿರುವುತ್ತ ಕೂರುವವರಿದ್ದಾರೆ.

ಉಳಿದ 700 ರೂಪಾಯಿ ಹೋದದ್ದು ತೇವಾಂಶ ಮಾಪಕಕ್ಕೆ ಮತ್ತು ಒಂದು ಕಿಲೋ ಸಿಲಿಕಾ ಜೆಲ್‌ಗೆ. ಅಲ್ಮೇರಾದಲ್ಲಿ ಸಣ್ಣ ಬಲ್ಬ್ ಉರಿಸಿಡುವ ಪದ್ಧತಿ ಒಳ್ಳೆಯದೇ, ಆದರೆ ದಿನಗಟ್ಟಲೆ ಕರೆಂಟ್ ಇಲ್ಲದಾಗಲೇ ಅದರ ಅಗತ್ಯ ಹೆಚ್ಚು. ಬಟ್ಟೆ ಒಣಗಿಸುವ ಕೆಂಡದ ಹತ್ತಿರವಂತೂ ಗಿಟಾರ್ ಇಡಲೇಬಾರದು, ಒಂದು ಮಗ್ಗುಲು ಮಾತ್ರ ಒಣಗಿ ನೆಕ್ ತಿರುಚುತ್ತದೆ. ಗಟ್ಟಿ ಕೇಸಿನಲ್ಲಿ ಕಾಲು ಕಿಲೋದ ಎರಡು ಬಟ್ಟೆ ಚೀಲ ಇಟ್ಟರೆ ಒಳಗೆ 55ರ ಹತ್ತಿರ ನಿಲ್ಲುತ್ತದೆ. ಬಣ್ಣ ಬದಲಾದ ಕೂಡಲೇ ಬದಲಿ ಜತೆ ಹಾಕಿ, ಹಳೆಯದನ್ನು ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಕಿತ್ತಳೆ ಬಣ್ಣದ್ದನ್ನೇ ಕೇಳಿ ತನ್ನಿ. ಆಟಿಯಲ್ಲಿ ಈ ಅದಲುಬದಲು ಹತ್ತು ದಿನಕ್ಕೊಮ್ಮೆ, ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ, ನವೆಂಬರ್-ಡಿಸೆಂಬರ್) ಕಳೆದ ಮೇಲೆ ಮಾರ್ಚ್‌ವರೆಗೆ ಚೀಲ ಹೊರಗೆ.