ಏರ್ ರೈಫಲ್ ಒಳ್ಳೆಯದೇ, ಪೆಲೆಟ್ ಲಾಟ್ ಬದಲಾದರೆ ಮಾತ್ರ ಮುನಿಸಿಕೊಳ್ಳುತ್ತದೆ: ಒಂದೂವರೆ ವರ್ಷ ಬಳಸಿದ ಮೇಲೆ

ಸ್ಪ್ರಿಂಗ್ ಪಿಸ್ಟನ್ ಏರ್ ರೈಫಲ್, 4.5 ಎಂಎಂ, ಬ್ಯಾರಲ್ ಬಗ್ಗಿಸಿ ಕಾಕ್ ಮಾಡುವ, ಅಂದರೆ ಒಳಗಿನ ಸ್ಪ್ರಿಂಗ್ ಬಿಗಿಯುವ ಮಾದರಿ. ಟ್ರಿಗರ್ ಎಳೆದರೆ ಸ್ಪ್ರಿಂಗ್ ಪಿಸ್ಟನ್ ತಳ್ಳುತ್ತದೆ, ಆ ಒತ್ತಡದ ಗಾಳಿ ಪೆಲೆಟ್ ಹಾರಿಸುತ್ತದೆ. ತಗೊಂಡು ಒಂದೂವರೆ ವರ್ಷ ದಾಟಿತು. ಉದ್ದ ಎಷ್ಟು, ತೂಕ ಎಷ್ಟು, ಮರದ ಸ್ಟಾಕಾ ಪ್ಲಾಸ್ಟಿಕ್ಕಾ ಅನ್ನುವುದೆಲ್ಲ ನೀವು ಈಗಾಗಲೇ ನೋಡಿರುತ್ತೀರಿ, ಬಿಡಿ. ನಾನು ಬರೆಯಲು ಕೂತಿರುವುದು ಪೆಲೆಟ್ ಬಗ್ಗೆ, ಅಂದರೆ ಅದು ಹಾರಿಸುವ ಪುಟ್ಟ ಗುಂಡಿನ ಬಗ್ಗೆ. ಸುಮಾರು 15 ಸಾವಿರ ಕೊಟ್ಟು ತಂದ ಬಂದೂಕು ಎಲ್ಲಿ ಹೊಡೆಯಬೇಕು ಅನ್ನುವುದನ್ನು ಕೊನೆಗೆ ತೀರ್ಮಾನ ಮಾಡುವುದು ಅರ್ಧ ಗ್ರಾಂ ಸೀಸ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಸ್ಕೋಪ್ ತಗೊಳ್ಳಿ, ಬ್ಯಾಗ್ ತಗೊಳ್ಳಿ ಅನ್ನುತ್ತಾರೆ. ಪೆಲೆಟ್ ಮಾತ್ರ "ಯಾವುದಾದ್ರೂ ನಡೆಯುತ್ತೆ ಸಾರ್".

ಯಾವುದಾದರೂ ನಡೆಯುವುದಿಲ್ಲ.

ಬಾಕ್ಸ್ ಮೇಲೆ ಹಂಟಿಂಗ್ ಅಂತ ಬರೆದು ಮೊಲದ ಚಿತ್ರ ಬೇರೆ ಹಾಕಿದ್ದಾರೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಈಗ ಮುಗಿದ ಕಥೆ, ಮೊಲಕ್ಕೂ ಅದೇ, ನವಿಲಿಗೂ ಅದೇ. ಚಿತ್ರದುರ್ಗದವರಿಗೆ ಜೋಗಿಮಟ್ಟಿ ಪಕ್ಕದಲ್ಲೇ ಇದೆ. ಅದು ವನ್ಯಜೀವಿಧಾಮ, ಆ ಕಡೆ ಬಂದೂಕು ಹಿಡಿದು ಓಡಾಡುವ ಯೋಚನೆಯೂ ಬೇಡ. 4.5 ಎಂಎಂ ಒಳಗಿನ, ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ ಅನ್ನುವುದಷ್ಟೇ ನಮಗಿರುವ ಅನುಕೂಲ. ನೆಂಟರು ಬಂದಾಗಲೆಲ್ಲ "ಕೋವಿ ತಂದಿದೀಯಂತೆ, ಏನು ಹೊಡೆದೆ?" ಅಂತ ಕೇಳುತ್ತಾರೆ. ಪೇಪರ್ ಹೊಡೆದೆ ಅಂದರೆ ಅವರಿಗೆ ನಗು.

ಇನ್ನು ಬಾಕ್ಸ್ ಮೇಲಿನ ಆ 1000 ಎಫ್‌ಪಿಎಸ್. ಅಂದರೆ ಸೆಕೆಂಡಿಗೆ 1000 ಅಡಿ, 305 ಮೀಟರ್. ಸುಮ್ನೆ ಲೆಕ್ಕ ಹಾಕಿ ನೋಡಿ. 0.40 ಗ್ರಾಂನ ಹಗುರ ಪೆಲೆಟ್ ಆ ವೇಗದಲ್ಲಿ ಹೋದರೆ 18.6 ಜೂಲ್ ಆಗುತ್ತದೆ, ಮಿತಿಯ ಒಳಗೇ. 0.55 ಗ್ರಾಂನ ಮಾಮೂಲಿ ಪೆಲೆಟ್ ಅಷ್ಟು ವೇಗದಲ್ಲಿ ಹೋದರೆ 25 ಜೂಲ್ ದಾಟುತ್ತದೆ. ಹಾಗಾಗಿ ಅದು ಹೋಗುವುದೇ ಇಲ್ಲ. ಗೆಳೆಯನ ಹತ್ತಿರ ಇರುವ, ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ನೋಡಿದಾಗ ನನ್ನದು ಸೆಕೆಂಡಿಗೆ 240 ಮೀಟರ್ ಆಸುಪಾಸು, ಅಂದರೆ 16 ಜೂಲ್ ಹತ್ತಿರ. ನನಗೇನೂ ಬೇಜಾರಿಲ್ಲ. ಶಬ್ದದ ವೇಗಕ್ಕೆ ಹತ್ತಿರ ಹೋದಷ್ಟೂ ಪೆಲೆಟ್ ಅಲ್ಲಾಡುವುದು ಜಾಸ್ತಿ, ಸೊಂಟ ಸಣ್ಣಗಿರುವ ಆ ಆಕಾರ ಅಷ್ಟು ವೇಗಕ್ಕೆ ಮಾಡಿದ್ದಲ್ಲ. ವೇಗದ ಆಸೆಗೆ ಹಗುರದ ಲೋಹದ ಪೆಲೆಟ್ ತಗೊಳ್ಳುವವರು ಸದ್ದಿಗೆ ದುಡ್ಡು ಕೊಡುತ್ತಿದ್ದಾರೆ ಅಷ್ಟೇ.

ಹೊಸದರಲ್ಲಿ ಹೊಗೆ ಬರುತ್ತದೆ, ಹೆದರಬೇಡಿ. ಒಳಗೆ ಫ್ಯಾಕ್ಟರಿಯವರು ಹಾಕಿದ ಎಣ್ಣೆ, ಗ್ರೀಸ್ ಪಿಸ್ಟನ್ ಒತ್ತಡದ ಬಿಸಿಗೆ ಉರಿಯುತ್ತದೆ. ಸುಟ್ಟ ವಾಸನೆ ಬರುತ್ತದೆ, ಸದ್ದು ಪಟಾಕಿ ಥರ ಇರುತ್ತದೆ, ವೇಗ ಒಂದು ಹೊಡೆತಕ್ಕೊಂದು. ಅದು ನಿಲ್ಲುವ ತನಕ ಪೆಲೆಟ್ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಅಗ್ಗದ್ದೊಂದು ಡಬ್ಬಿ ಖಾಲಿ ಮಾಡಿ ಮುಂದಿನ ಮಾತು. ಆಮೇಲೆ ಪಿಸ್ಟನ್ ಇರುವ ಸಿಲಿಂಡರ್‌ಗೆ ಮಷಿನ್ ಆಯಿಲ್, ಕೊಬ್ಬರಿ ಎಣ್ಣೆ ಅಂತ ಏನನ್ನೂ ಬಿಡಬೇಡಿ, ಮತ್ತೆ ಅದೇ ಕಥೆ ಶುರುವಾಗುತ್ತದೆ. ಪೆಲೆಟ್ ಇಲ್ಲದೆ ಟ್ರಿಗರ್ ಎಳೆಯುವುದೂ ಬೇಡ, ಪಿಸ್ಟನ್ ಹೋಗಿ ಬರೀ ಲೋಹಕ್ಕೆ ಗುದ್ದುತ್ತದೆ.

ನಾನು ಹೊಡೆಯುವುದು ನಮ್ಮ ತೋಟದ ಈರುಳ್ಳಿ ಶೆಡ್‌ನಲ್ಲಿ. ಮೊದಲು ಬಯಲಿನಲ್ಲಿ ನೋಡಿದೆ, ಆದರೆ ದುರ್ಗದ ಗಾಳಿ ಗೊತ್ತಲ್ವಾ. ಗುಡ್ಡದ ಮೇಲೆ ಸುಮ್ಮನೆ ಅಷ್ಟೊಂದು ಗಾಳಿ ವಿದ್ಯುತ್ತಿನ ಫ್ಯಾನ್ ನಿಲ್ಲಿಸಿಲ್ಲ. ಆಷಾಢದಲ್ಲಂತೂ ಅಡ್ಡಗಾಳಿಗೆ 20 ಮೀಟರ್ ಒಳಗೇ ಪೆಲೆಟ್ ಬೆರಳಗಲ ಪಕ್ಕಕ್ಕೆ ಸರಿಯುತ್ತದೆ. ಇದು ಪೆಲೆಟ್ ತಪ್ಪಾ, ಗಾಳಿ ತಪ್ಪಾ, ಕೈ ತಪ್ಪಾ ಅಂತ ಬಿಡಿಸುವುದಕ್ಕೇ ಆಗುವುದಿಲ್ಲ. ಶೆಡ್ ಖಾಲಿ ಇದ್ದಾಗ ಆ ಗೋಡೆಯಿಂದ ಈ ಗೋಡೆಗೆ 20 ಮೀಟರ್ ಸಿಗುತ್ತದೆ. ಗುರಿ ಹಾಳೆಯ ಹಿಂದೆ ಮರದ ಪೆಟ್ಟಿಗೆ, ಅದರೊಳಗೆ ಅಜ್ಜಿಯ ಕಾಲದ ಹರಿದ ಕೌದಿ ಒತ್ತಿ ತುಂಬಿದ್ದೇನೆ, ಅದರ ಹಿಂದೆ ದಪ್ಪ ಕಬ್ಬಿಣದ ತಗಡು. ಪೆಲೆಟ್ ಕೌದಿಯಲ್ಲೇ ಸಿಕ್ಕಿಕೊಳ್ಳುತ್ತದೆ, ವಾಪಸ್ ಸಿಡಿಯುವುದಿಲ್ಲ.

ವಿದೇಶದಲ್ಲಿ ಬೇಟೆ ರೈಫಲ್ ಇಟ್ಟುಕೊಂಡವರು ತಮ್ಮ ತೋಟಾ ತಾವೇ ತುಂಬಿಸಿಕೊಳ್ಳುತ್ತಾರೆ. ಹೊಸ ರೈಫಲ್ ಬಂದರೆ ಮದ್ದಿನ ತೂಕ ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಗುಂಡು ಎಷ್ಟು ಆಳಕ್ಕೆ ಕೂರಬೇಕು ಅಂತ ಕೂದಲೆಳೆಯಷ್ಟು ಬದಲಿಸುತ್ತಾ, ಆ ಬ್ಯಾರಲ್‌ಗೆ ಯಾವುದು ಹೊಂದುತ್ತದೆ ಅಂತ ಹುಡುಕುತ್ತಾರೆ. ನಮಗೆ ಮದ್ದೂ ಇಲ್ಲ, ಮದ್ದು ತುಂಬುವ ತೋಟಾ ಕೇಸೂ ಇಲ್ಲ. ಆದರೆ ಅವರ ಒಂದು ನಿಯಮ ನಮಗೂ ಪೂರ್ತಿ ನಡೆಯುತ್ತದೆ: ಒಂದು ಸಲಕ್ಕೆ ಒಂದನ್ನೇ ಬದಲಿಸು. ಪೆಲೆಟ್ ಬದಲಿಸಿದರೆ ಹಿಡಿತ ಬದಲಿಸಬೇಡ. ಹಿಡಿತ ಬದಲಿಸಿದರೆ ಸ್ಕೋಪ್ ಮುಟ್ಟಬೇಡ. ಸ್ಪ್ರಿಂಗ್ ರೈಫಲ್‌ನಲ್ಲಿ ಇದು ಇನ್ನೂ ಮುಖ್ಯ, ಯಾಕಂದ್ರೆ ಪಿಸ್ಟನ್ ಹೊರಟಾಗ ಬಂದೂಕು ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೆ ಜಗ್ಗುತ್ತದೆ, ಪೆಲೆಟ್ ಬ್ಯಾರಲ್ ಬಿಡುವ ಮೊದಲೇ ಇದೆಲ್ಲ ಶುರುವಾಗಿರುತ್ತದೆ. ಗಟ್ಟಿ ಹಿಡಿದರೆ ಒಂದು ಕಡೆ, ಸಡಿಲ ಬಿಟ್ಟರೆ ಇನ್ನೊಂದು ಕಡೆ. ಅಂಗೈ ಮೇಲೆ ಸುಮ್ಮನೆ ಇಟ್ಟುಕೊಂಡು, ಹಿಡಿಯದೆ, ಅದರ ಪಾಡಿಗೆ ಅದು ಕುಣಿಯಲಿ ಅಂತ ಬಿಡಬೇಕು. ಪ್ರತಿ ಸಲವೂ ಅಂಗೈ ಒಂದೇ ಜಾಗದಲ್ಲಿರಬೇಕು. ಅದಕ್ಕೇ ಸ್ಟಾಕ್ ಕೆಳಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದಿದ್ದೇನೆ.

ಫಲಿತಾಂಶ ಹೇಳುತ್ತೇನೆ, ಎಲ್ಲ 20 ಮೀಟರ್, ಹತ್ತು ಹೊಡೆತದ ಗ್ರೂಪ್, ಅಂದರೆ ಹತ್ತು ತೂತು ಎಷ್ಟು ಅಗಲಕ್ಕೆ ಹರಡಿವೆ ಅನ್ನುವ ಅಳತೆ. ಐದು ಹೊಡೆತದ್ದು ನೋಡಿ ಖುಷಿ ಪಡಬೇಡಿ, ಅದರಲ್ಲಿ ಅದೃಷ್ಟ ಜಾಸ್ತಿ. ಚೂಪು ತಲೆಯ ಪೆಲೆಟ್ 45 ಎಂಎಂ ಹರಡಿತು. ನೋಡಲು ಭಯಂಕರ, ಕೆಲಸಕ್ಕೆ ಬಾರದ್ದು. ಚಪ್ಪಟೆ ತಲೆಯದು ಹಾಳೆಯಲ್ಲಿ ಪಂಚ್ ಮಷಿನ್ ಹೊಡೆದಷ್ಟು ನೀಟಾಗಿ ತೂತು ಮಾಡುತ್ತದೆ. 10 ಮೀಟರ್‌ಗೆ ಚೆನ್ನ, 20ಕ್ಕೆ ಹೋದಾಗ ಸ್ವಲ್ಪ ಚೆಲ್ಲಾಪಿಲ್ಲಿ. ದುಂಡು ತಲೆಯ ಭಾರದ್ದು 35 ಎಂಎಂ. ದುಂಡು ತಲೆಯದೇ, 0.55 ಗ್ರಾಂ ಆಸುಪಾಸಿನದು, ತಲೆಯ ಅಡ್ಡಳತೆ 4.51 ಎಂಎಂ ಇರುವುದು 22 ಎಂಎಂ. ಅದೇ ಬ್ರ್ಯಾಂಡ್, ಅದೇ ತೂಕ, ಡಬ್ಬಿಯ ಹಿಂದೆ 4.52 ಅಂತ ಚೀಟಿ ಇರುವುದು 14 ಎಂಎಂ. ಒಂದು ಮಿಲಿಮೀಟರ್‌ನ ನೂರನೇ ಒಂದು ಭಾಗ ದಪ್ಪ ಅಷ್ಟೇ!

ಬೆರಳಿಗೇ ಅದು ಗೊತ್ತಾಗುತ್ತದೆ. 4.51 ಅನ್ನು ಬ್ಯಾರಲ್ ಬಾಯಿಗೆ ಇಟ್ಟರೆ ತಾನಾಗಿ ಜಾರಿ ಒಳಗೆ ಹೋಗುತ್ತದೆ. 4.52 ಹಾಗಲ್ಲ, ಹೆಬ್ಬೆರಳಲ್ಲಿ ಒತ್ತಬೇಕು, ಪೆಲೆಟ್‌ನ ಲಂಗ, ಅಂದರೆ ಹಿಂದಿನ ಅಗಲದ ಭಾಗ, ಅಂಚಿಗೆ ಸಮ ಬರುವ ಹೊತ್ತಿಗೆ ಸಣ್ಣದಾಗಿ ಟಕ್ ಅನ್ನುತ್ತದೆ. ಆ ಟಕ್ ಬಂತು ಅಂದರೆ ಹೊಡೆತ ಸರಿ ಹೋಗುತ್ತದೆ ಅಂತ ನನಗೆ ಮೊದಲೇ ಗೊತ್ತು. ಬ್ರ್ಯಾಂಡ್ ಹೆಸರು ಹಾಕುತ್ತಿಲ್ಲ. ನನ್ನ ಬ್ಯಾರಲ್‌ಗೆ ಕೂತದ್ದು ನಿಮ್ಮದಕ್ಕೆ ಕೂರಬೇಕು ಅಂತೇನಿಲ್ಲ, ಒಂದೇ ಮಾದರಿಯ ಎರಡು ರೈಫಲ್‌ಗೇ ರುಚಿ ಬೇರೆ ಇರುತ್ತದೆ.

ಈಗ ನಾನು ನಿರೀಕ್ಷಿಸದೇ ಇದ್ದ ಒಂದು ಖುಷಿ. ಪೆಲೆಟ್ ಆರಿಸುವ ಕೆಲಸ. ರಾತ್ರಿ ಊಟ ಆದ ಮೇಲೆ ಮಂಚದ ಮೇಲೆ ಬಿಳಿ ಟವೆಲ್ ಹಾಸಿ ಒಂದು ಹಿಡಿ ಪೆಲೆಟ್ ಸುರುವುತ್ತೇನೆ. ಮೊದಲು ಭೂತಗನ್ನಡಿಯಲ್ಲಿ ಲಂಗ ನೋಡುವುದು. ಸೀಸ ಮೆತ್ತಗಲ್ವಾ, ಕೊರಿಯರ್‌ನವರು ಎಸೆದ ಎಸೆತಕ್ಕೆ ಕೆಲವು ಸೊಟ್ಟಗಾಗಿರುತ್ತವೆ, ಅವು ಆ ಕಡೆ. ಆಮೇಲೆ ಒಂದೊಂದನ್ನೇ ಗಾಜಿನ ಹಲಗೆ ಮೇಲೆ ಉರುಳಿಸುವುದು. ಸರಿ ಇರುವುದು ಅರ್ಧ ಚಂದ್ರದ ಹಾಗೆ ನಯವಾಗಿ ತಿರುಗುತ್ತದೆ, ಸರಿ ಇಲ್ಲದ್ದು ನಡುವೆ ಮುಗ್ಗರಿಸುತ್ತದೆ. ಕೊನೆಗೆ ತೂಕ. ಇದಕ್ಕೆ ಅಡುಗೆಮನೆ ತಕ್ಕಡಿ ನಡೆಯುವುದಿಲ್ಲ, 0.01 ಗ್ರಾಂ ತೋರಿಸುವುದೂ ಸಾಲದು, 0.001 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಫ್ಯಾನ್ ಆಫ್ ಮಾಡಬೇಕು, ಇಲ್ಲದಿದ್ದರೆ ಅಂಕಿ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಬೆವರು ಒರೆಸಿಕೊಂಡು ಕೂತಿರುತ್ತೇನೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿ, "ಏನೋ ಇದು, ಜೀರಿಗೆ ಆರಿಸಿದಂಗೆ ಆರಿಸ್ತೀಯ? ಆ ಕೈಯಲ್ಲಿ ರೊಟ್ಟಿ ಮುಟ್ಟಬೇಡ ಮತ್ತೆ" ಅನ್ನುತ್ತಾರೆ. ಅವರ ಮಾತು ಸರಿ. ಸೀಸ ವಿಷ, ಸೋಪು ಹಾಕಿ ಕೈ ತೊಳೆಯಲೇಬೇಕು. ಆ ಟವೆಲ್ ಬೇರೆ ಯಾವುದಕ್ಕೂ ಬೇಡ, ಮಕ್ಕಳ ಕೈಗೆ ಡಬ್ಬಿ ಸಿಗಬಾರದು.

ಆರಿಸಿದ್ದರಿಂದ ಗ್ರೂಪ್ ಎಷ್ಟು ಕಿರಿದಾಯಿತು? ನಿಜ ಹೇಳಬೇಕೆಂದರೆ ಸ್ವಲ್ಪವೇ. ಯಾಕೋ ಒಂದು ಹೊಡೆತ ಎಲ್ಲಿಗೋ ಹೋಯಿತು ಅನ್ನುವುದು ತಪ್ಪಿತು, ಅಷ್ಟೇ. ಆದರೂ ಮಾಡುತ್ತೇನೆ. ದಿನವಿಡೀ ಫೋನು, ಮಂಡಿ, ಲೆಕ್ಕ ಅಂತ ಓಡಾಡಿದ ತಲೆ ಆ ಹೊತ್ತಿಗೆ ತಣ್ಣಗಾಗುತ್ತದೆ.

ರೈಫಲ್ ಬಗ್ಗೆ ಒಂದು ತಕರಾರು: ಸ್ಟಾಕ್ ಸ್ಕ್ರೂ. ಆ ಎರಡು ಕಡೆಯ ಒದೆತಕ್ಕೆ ಮುಂದಿನ ಎರಡು ಸ್ಕ್ರೂ ತಾನಾಗಿ ಸಡಿಲವಾಗುತ್ತವೆ. ಗ್ರೂಪ್ ಇದ್ದಕ್ಕಿದ್ದಂತೆ ಹರಡಿದರೆ ಪೆಲೆಟ್ ಬೈಯುವ ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್‌ಲಾಕರ್, ಒಂದು ಹನಿ ಹಾಕಿದ ಮೇಲೆ ನನ್ನವು ಅಲ್ಲಾಡಿಲ್ಲ. ಸ್ಕೋಪ್ ತಗೊಳ್ಳುವಾಗಲೂ ಏರ್‌ಗನ್‌ಗೆ ಅಂತ ಹೇಳಿರುವುದನ್ನೇ ತಗೊಳ್ಳಿ, ಮುಂದಕ್ಕೆ ಜಗ್ಗುವ ಹೊಡೆತಕ್ಕೆ ಬೇರೆ ಸ್ಕೋಪ್ ಒಳಗೆ ಕಿತ್ತುಹೋಗುತ್ತದೆ. ಇನ್ನೊಂದು, ಮಧ್ಯಾಹ್ನ ತಗಡಿನ ಶೆಡ್ ಕಾದಾಗ ಒಳಗಿನ ಗ್ರೀಸ್ ತೆಳುವಾಗಿ ಪೆಲೆಟ್ ಬೀಳುವ ಜಾಗ ಸ್ವಲ್ಪ ಬದಲಾಗುತ್ತದೆ. ನಾನು ಬೆಳಗ್ಗೆ ಮಾತ್ರ ಗುರಿ ಹೊಂದಿಸುತ್ತೇನೆ.

ಇಷ್ಟರ ತನಕ ಐದಕ್ಕೆ ಐದು ಕೊಡುವವನಿದ್ದೆ. ಆಮೇಲೆ ಡಬ್ಬಿ ಖಾಲಿಯಾಯಿತು.

ಅದೇ ಬ್ರ್ಯಾಂಡ್, ಅದೇ 4.52, ಅದೇ ಚಿತ್ರ, ಅದೇ ಬೆಲೆ. ದಾವಣಗೆರೆಗೆ ಕೆಲಸದ ಮೇಲೆ ಹೋಗಿದ್ದಾಗ ಅಲ್ಲೂ ವಿಚಾರಿಸಿ, ಸಿಗದೆ, ಆನ್‌ಲೈನ್‌ನಲ್ಲಿ ತರಿಸಿದೆ. ಮೊದಲ ಪೆಲೆಟ್ ಹೆಬ್ಬೆರಳಲ್ಲಿ ಒತ್ತಿದಾಗಲೇ ಅನುಮಾನ ಬಂತು. ಆ ಟಕ್ ಇಲ್ಲ. ಕೆಲವು ಜಾರುತ್ತವೆ, ಕೆಲವು ಅಡ್ಡ ನಿಲ್ಲುತ್ತವೆ. ಹತ್ತು ಹೊಡೆತ, 27 ಎಂಎಂ. ಸ್ಕ್ರೂ ನೋಡಿದೆ, ಗಟ್ಟಿ ಇದೆ. ಬ್ಯಾರಲ್ ಒಳಗೆ ಬಟ್ಟೆ ಎಳೆದೆ. ಬ್ಯಾರಲ್ ಮಡಚುವ ಜಾಗದ ಸೀಲ್ ಮೇಲೆ ಟಿಶ್ಯೂ ಪೇಪರ್ ಇಟ್ಟು ಹೊಡೆದೆ, ಅಲ್ಲಾಡಲಿಲ್ಲ, ಗಾಳಿ ಸೋರುತ್ತಿಲ್ಲ. ಹಳೇ ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದು ಮುಷ್ಟಿ ತೆಗೆದು ಹೊಡೆದೆ: ಮತ್ತೆ 14. ಇನ್ನೇನು ಬೇಕು ಸಾಕ್ಷಿ? ತೂಗಿ ನೋಡಿದರೆ ಹಳೇ ಡಬ್ಬಿಯವು ಬಹುಪಾಲು 0.004 ಗ್ರಾಂ ಅಂತರದೊಳಗೆ ಇದ್ದವು, ಹೊಸವು 0.54ರಿಂದ 0.56 ತನಕ ಓಡುತ್ತವೆ. ಮಾರಿದವರಿಗೆ ಫೋಟೋ ಸಮೇತ ಕಳಿಸಿದೆ. "ಒರಿಜಿನಲ್ ಪ್ರಾಡಕ್ಟ್ ಸರ್, ಸೀಲ್ ಓಪನ್ ಆಗಿದೆ, ರಿಟರ್ನ್ ಇಲ್ಲ." ಸೀಲ್ ತೆಗೆಯದೆ ಪೆಲೆಟ್ ಹೊಡೆಯುವುದು ಹೇಗೆ ಅಂತ ಕೇಳಿದ್ದಕ್ಕೆ ಉತ್ತರವಿಲ್ಲ.

ಹೀಗಾಗುವುದಕ್ಕೆ ಕಾರಣ ಇದೆ. ಪೆಲೆಟ್ ಒತ್ತುವ ಅಚ್ಚು ಸವೆಯುತ್ತದೆ, ಬದಲಾಗುತ್ತದೆ. ಪ್ರತಿ ಲಾಟ್‌ನಲ್ಲೂ, ಅಂದರೆ ಒಂದೇ ಸಲಕ್ಕೆ ತಯಾರಾದ ಪ್ರತಿ ಕಂತಿನಲ್ಲೂ, ಕೂದಲೆಳೆ ವ್ಯತ್ಯಾಸ ಬರುತ್ತದೆ. ದೊಡ್ಡ ಶೂಟರ್‌ಗಳಿಗೆ ಇದು ಹೊಸದಲ್ಲ. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತು ಅಂಕದ ಚುಕ್ಕೆ ಬರೀ 0.5 ಎಂಎಂ, ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಇದೇ ಸ್ಪರ್ಧೆಯಲ್ಲಿ. ಆ ಮಟ್ಟದವರು ರೈಫಲನ್ನು ಸ್ಟ್ಯಾಂಡ್‌ಗೆ ಬಿಗಿದು ಲಾಟ್ ಮೇಲೆ ಲಾಟ್ ಹೊಡೆದು ನೋಡಿ, ಹೊಂದಿದ ಲಾಟನ್ನು ರಾಶಿಗಟ್ಟಲೆ ಕೊಂಡು ಇಟ್ಟುಕೊಳ್ಳುತ್ತಾರೆ. ನಾವು ಒಂದು ಡಬ್ಬಿಗೆ ಸಾವಿರ ಚಿಲ್ಲರೆ ಕೊಡುವಾಗಲೇ ಎರಡು ಸಲ ಯೋಚಿಸುವವರು. ಕನಿಷ್ಠ ಲಾಟ್ ನಂಬರ್ ಆದರೂ ಆರ್ಡರ್ ಮಾಡುವಾಗ ತೋರಿಸಿದರೆ ಏನು ಗಂಟು ಹೋಗುತ್ತದೆ ಇವರದ್ದು?

ಹಾಗಾಗಿ ರೈಫಲ್‌ಗೆ ಐದಕ್ಕೆ ನಾಲ್ಕು. ಒಂದು ಅಂಕ ಸ್ಕ್ರೂಗೆ ಮತ್ತು ಮೊಲದ ಚಿತ್ರಕ್ಕೆ ಕಟ್. ಪೆಲೆಟ್ ಮಾರುವ ವ್ಯವಸ್ಥೆಗೆ ಒಂದು ಕೊಟ್ಟರೂ ಜಾಸ್ತಿ. ಹೊಸದಾಗಿ ತಗೊಳ್ಳುವವರು ಪೂರ್ತಿ ಬಜೆಟ್ ರೈಫಲ್‌ಗೇ ಸುರಿಯಬೇಡಿ, ನಾಲ್ಕೈದು ಸಾವಿರ ಪೆಲೆಟ್‌ಗೆ ಅಂತ ಎತ್ತಿಡಿ. ಬೇರೆ ಬೇರೆ ಅಳತೆಯದು ಒಂದೊಂದು ಡಬ್ಬಿ ತರಿಸಿ. ಹೊಂದಿದ್ದು ಸಿಕ್ಕ ದಿನವೇ, ಅವತ್ತೇ, ಅದೇ ಲಾಟ್‌ನದು ಇನ್ನೂ ಎರಡು ಡಬ್ಬಿ ಇದೆಯಾ ಅಂತ ಫೋನ್ ಮಾಡಿ ಕೇಳಿ ತರಿಸಿಬಿಡಿ. ಹರಡುವ ಡಬ್ಬಿ ಬಿಸಾಡಬೇಡಿ. ನಾನು ಅದನ್ನು 10 ಮೀಟರ್‌ನಲ್ಲಿ ನಿಂತು ಹೊಡೆಯುವ ಅಭ್ಯಾಸಕ್ಕೆ ಇಟ್ಟಿದ್ದೇನೆ, ಅಲ್ಲಿ ಪೆಲೆಟ್‌ಗಿಂತ ನನ್ನ ಕೈಯೇ ಜಾಸ್ತಿ ಅಲ್ಲಾಡುತ್ತದೆ.

ದಾವಣಗೆರೆ, ಚಿತ್ರದುರ್ಗ ಕಡೆಯವರ ಹತ್ತಿರ 4.51 ಅಳತೆಯದು ಹೊಂದುವ ರೈಫಲ್ ಇದ್ದರೆ ತಿಳಿಸಿ, ನನ್ನ ಹತ್ತಿರ ಮುಕ್ಕಾಲು ಡಬ್ಬಿ ಉಳಿದಿದೆ, ಬದಲಿಗೆ 4.52 ಇದ್ದರೆ ಕೊಡಿ. ಬರುವ ಮೊದಲು ಲಾಟ್ ನಂಬರ್ ಹೇಳಿ.