‘ಲಿಫ್ಟ್ ಇದೆ’ ಎಂಬ ಒಂದೇ ಮಾತು ನಂಬಿ ಲಾಡ್ಜ್ ಕಾದಿರಿಸಬೇಡಿ

ಮಂಡಿಯ ಶಸ್ತ್ರಚಿಕಿತ್ಸೆ ಆದವರನ್ನು, ಊರುಗೋಲು ಹಿಡಿದವರನ್ನು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವವರನ್ನು ಕರೆದುಕೊಂಡು ಪರವೂರಿಗೆ ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ತಿಂಗಳು ದಾವಣಗೆರೆಯಲ್ಲಿ ನಾನು ಲಾಡ್ಜ್ ಆರಿಸುವಾಗ ಮಾಡಿದ ತಪ್ಪಿನಿಂದ 72 ವರ್ಷದ ನನ್ನ ಅಮ್ಮ ರಾತ್ರಿ ಹತ್ತು ಗಂಟೆಯ ಹೊತ್ತಿನಲ್ಲಿ 19 ಮೆಟ್ಟಿಲು ಹತ್ತಿದರು. ಮರುದಿನ ಬೆಳಿಗ್ಗೆ, ಯಾವ ಮುಹೂರ್ತಕ್ಕೆಂದು ಬಂದಿದ್ದರೋ ಅದು ತಪ್ಪಿತು. ಆ ಲಾಡ್ಜಿನ ಹೆಸರು ಬರೆಯುವುದಿಲ್ಲ. ಅಂಥ ಕಟ್ಟಡಗಳು ಎಲ್ಲ ಊರುಗಳಲ್ಲೂ ಇವೆ. ಹೆಸರು ತಿಳಿದರೆ ಒಂದರಿಂದ ತಪ್ಪಿಸಿಕೊಳ್ಳಬಹುದು, ಲಕ್ಷಣ ತಿಳಿದರೆ ಎಲ್ಲದರಿಂದಲೂ.

ನಾವು ಹೊರಟದ್ದು ಮೈಸೂರಿನಿಂದ, ದಾವಣಗೆರೆಯ ನನ್ನ ಸೋದರಮಾವನ ಮಗನ ಮದುವೆಗೆ. ಆ ಹುಡುಗ ಪಿಯುಸಿ ಓದಿದ ಎರಡು ವರ್ಷ ನಮ್ಮ ಮನೆಯಲ್ಲೇ ಇದ್ದ, ಅಮ್ಮನ ಕೈತುತ್ತು ಉಂಡವನು. ಅಮ್ಮನಿಗೆ ಐದು ತಿಂಗಳ ಹಿಂದೆ ಬಲ ಮಂಡಿಯ ಕೀಲು ಬದಲಾಯಿಸಿದ್ದರು. ಎಡ ಮಂಡಿಯೂ ಅಷ್ಟಕ್ಕಷ್ಟೇ. ಸಮತಟ್ಟಾದ ನೆಲವಾದರೆ ವಾಕರ್ ಹಿಡಿದು ನಿಧಾನವಾಗಿ ಓಡಾಡುತ್ತಾರೆ, ಮೆಟ್ಟಿಲು ಮಾತ್ರ ಕಷ್ಟ. ಮಾವನ ಮನೆಯಲ್ಲೇ ಇಳಿದುಕೊಳ್ಳಬಹುದಿತ್ತು. ಆದರೆ ಮದುವೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ, ಶೌಚಾಲಯವೂ ಕುಕ್ಕರಗಾಲಿನಲ್ಲಿ ಕೂರುವಂಥದ್ದು. ಹಾಗಾಗಿ ನಾನೇ ಮೊಬೈಲಿನಲ್ಲಿ ಲಾಡ್ಜ್ ಹುಡುಕಿದೆ.

ಬಸ್ಸಿನ ಬದಲು ರೈಲು ಆರಿಸಿಕೊಂಡದ್ದು ಯೋಚಿಸಿಯೇ. ರಾತ್ರಿ ಓಡುವ ಎಷ್ಟೋ ಖಾಸಗಿ ಬಸ್ಸುಗಳು ಚಿತ್ರದುರ್ಗವಾಗಲಿ ದಾವಣಗೆರೆಯಾಗಲಿ ಊರೊಳಗೆ ಬರದೆ ಹೆದ್ದಾರಿಯ ಬದಿಯಲ್ಲೇ ಇಳಿಸಿ ಹೋಗುತ್ತವೆ. ಕತ್ತಲಲ್ಲಿ, ಲಾರಿಗಳ ನಡುವೆ, ವಾಕರ್ ಹಿಡಿದ ಅಮ್ಮನನ್ನೂ ಪೆಟ್ಟಿಗೆಗಳನ್ನೂ ಇಟ್ಟುಕೊಂಡು ನಿಲ್ಲುವ ಧೈರ್ಯ ನನಗಿರಲಿಲ್ಲ. ಲಾಡ್ಜ್ ಕೂಡ ರೈಲು ನಿಲ್ದಾಣಕ್ಕೆ ಹತ್ತಿರವಿರಲಿ ಎಂದುಕೊಂಡೆ. ‘ನಿಲ್ದಾಣದಿಂದ 400 ಮೀಟರ್, ಲಿಫ್ಟ್ ಸೌಲಭ್ಯ, ವೆಸ್ಟರ್ನ್ ಟಾಯ್ಲೆಟ್’ ಎಂದು ಬರೆದಿದ್ದ ಒಂದು ಲಾಡ್ಜ್ ಸಿಕ್ಕಿತು. ಫೋನ್ ಮಾಡಿ ಕೇಳಿದೆ: “ಲಿಫ್ಟ್ ಇದೆಯೇ? ವಯಸ್ಸಾದವರು ಇದ್ದಾರೆ.” “ಇದೆ ಮೇಡಂ, ಏನೂ ತೊಂದರೆ ಇಲ್ಲ, ಬನ್ನಿ.” ಎರಡು ರಾತ್ರಿಯ ಹಣ ಮುಂಗಡವಾಗಿ ಕಟ್ಟಿದೆ.

ರೈಲು ತಡವಾಗಿ, ರಾತ್ರಿ ಒಂಬತ್ತೂವರೆಗೆ ದಾವಣಗೆರೆ ತಲುಪಿತು. ನಿಲ್ದಾಣದಲ್ಲಿ ಗಾಲಿಕುರ್ಚಿ ಸಿಕ್ಕಿತು. ಕೂಲಿಯವರೊಬ್ಬರು ತಳ್ಳಿಕೊಂಡು ಹೋಗಿ ಆಟೊಗೆ ಕೂರಿಸಿದರು. ನಮ್ಮ ಬಳಿ ಸೀರೆ, ಮುಯ್ಯಿಯ ಬೆಳ್ಳಿ ಸಾಮಾನು ತುಂಬಿದ ದೊಡ್ಡ ಸೂಟ್‌ಕೇಸ್, ಮಾತ್ರೆಗಳ ಚೀಲ, ಕಮೋಡಿನ ಮೇಲೆ ಇಡುವ ಎತ್ತರದ ಸೀಟು ಇದ್ದ ಇನ್ನೊಂದು ಚೀಲ ಮತ್ತು ಮಡಿಸಿದ ವಾಕರ್ ಇದ್ದವು.

ಆಟೊ ನಿಂತ ಕಡೆ ಲಾಡ್ಜ್ ಕಾಣಲಿಲ್ಲ. ಸಾಲಾಗಿ ಅಂಗಡಿಗಳು, ಎಲ್ಲದರ ಷಟರ್ ಎಳೆದಿತ್ತು. ತಲೆಯೆತ್ತಿ ನೋಡಿದರೆ ಮೊದಲ ಮಹಡಿಯ ಮೇಲೆ ಬೋರ್ಡು. ಒಂದು ಬಟ್ಟೆ ಅಂಗಡಿಗೂ ಒಂದು ಮೊಬೈಲ್ ಅಂಗಡಿಗೂ ನಡುವೆ ಮೂರಡಿ ಅಗಲದ ಮೆಟ್ಟಿಲ ಸಾಲು ನೇರವಾಗಿ ಮೇಲಕ್ಕೆ ಹೋಗಿತ್ತು. ನಾನು ಕೆಳಗಿನಿಂದಲೇ ಫೋನ್ ಮಾಡಿದೆ.

“ಲಿಫ್ಟ್ ಎಲ್ಲಿದೆ?”

“ಮೇಲೆ ಬನ್ನಿ ಮೇಡಂ, ರಿಸೆಪ್ಷನ್ ಪಕ್ಕದಲ್ಲೇ ಇದೆ.”

ಲಿಫ್ಟ್ ಇತ್ತು, ಸುಳ್ಳಲ್ಲ. ಅದು ಶುರುವಾಗುವುದೇ ಮೊದಲ ಮಹಡಿಯಿಂದ.

ಆ ಲಾಡ್ಜ್ ಇದ್ದ ಪಿ.ಬಿ. ರಸ್ತೆಯೆಂದರೆ ಹಳೆಯ ಪುಣೆ–ಬೆಂಗಳೂರು ರಸ್ತೆ. ಅಂಥ ಪೇಟೆಯ ರಸ್ತೆಗಳಲ್ಲಿ ನೆಲಮಹಡಿಯ ಒಂದೊಂದು ಅಡಿಗೂ ಬಾಡಿಗೆ ಹುಟ್ಟುತ್ತದೆ. ಕಟ್ಟಡದ ಮಾಲೀಕರು ಅದನ್ನು ಅಂಗಡಿಗಳಿಗೆ ಕೊಟ್ಟು, ಲಾಡ್ಜನ್ನು ಮೇಲಕ್ಕೆ ಏರಿಸುತ್ತಾರೆ. ಲಿಫ್ಟಿನ ಬಾಗಿಲನ್ನು ಕೆಳಗೆ ಇಟ್ಟರೆ ಒಂದು ಅಂಗಡಿಯ ಜಾಗ ಹೋಗುತ್ತದೆ. ಇದು ನನಗೆ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ. ಗಟ್ಟಿ ಕಾಲಿನವರು ಈ ಮೆಟ್ಟಿಲುಗಳನ್ನು ಹತ್ತಿದ್ದನ್ನು ಮೇಲೆ ಹೋಗುವಷ್ಟರಲ್ಲಿ ಮರೆತಿರುತ್ತಾರೆ. ಫೋನಿನಲ್ಲಿ ಮಾತಾಡಿದ ಹುಡುಗ ನನ್ನನ್ನು ಮೋಸಗೊಳಿಸಬೇಕೆಂದು ಹೇಳಿದ ಎಂದು ನಾನು ಈಗಲೂ ಭಾವಿಸುವುದಿಲ್ಲ. ಅವನ ಲೆಕ್ಕದಲ್ಲಿ ಆ ಮೆಟ್ಟಿಲುಗಳು ಮೆಟ್ಟಿಲುಗಳೇ ಆಗಿರಲಿಲ್ಲ.

ರೂಂ ಬಾಯ್ ಕೆಳಗೆ ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುತ್ತೇವೆ ಎಂದ. ಅಮ್ಮ ಆ ಕಡಿದಾದ ಮೆಟ್ಟಿಲುಗಳನ್ನು ನೋಡಿ, “ಬೇಡಪ್ಪಾ, ಕಾಲು ಜಾರಿದರೆ ನಿನಗೂ ಪೆಟ್ಟು, ನನಗೂ ಪೆಟ್ಟು. ನಾನೇ ಹತ್ತುತ್ತೇನೆ” ಎಂದರು. ಬೇರೆ ಲಾಡ್ಜ್ ಹುಡುಕೋಣವೆಂದರೆ ಮದುವೆಯ ಕಾಲ. ಆಟೊದಲ್ಲಿ ಕೂತೇ ನಾಲ್ಕು ಕಡೆ ಫೋನ್ ಮಾಡಿದೆ, ಎಲ್ಲೂ ಕೊಠಡಿ ಇರಲಿಲ್ಲ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು ಎಂದು ಫಿಸಿಯೊಥೆರಪಿಯವರು ಕಲಿಸಿದ್ದರು. ಅಮ್ಮನಿಗೆ ಒಳ್ಳೆಯ ಕಾಲು ಎಂಬುದೇ ಇಲ್ಲ. ಎಡಗಾಲನ್ನು ಮೇಲಿಟ್ಟು, ಎಡಗೈಯಲ್ಲಿ ಕಂಬಿ ಹಿಡಿದು, ಬಲಗಡೆ ನನ್ನ ಹೆಗಲಿಗೆ ಭಾರ ಹಾಕಿ, ಹೊಸ ಮಂಡಿಯನ್ನು ಎಳೆದು ತಂದು ಅದೇ ಮೆಟ್ಟಿಲ ಮೇಲೆ ಜೋಡಿಸಬೇಕು. ಮತ್ತೆ ಉಸಿರು ತೆಗೆದುಕೊಳ್ಳಬೇಕು. ಆಸ್ಪತ್ರೆಯಲ್ಲಿ ಅಭ್ಯಾಸ ಮಾಡಿಸಿದ್ದು ಆರಿಂಚಿನ ಮೆಟ್ಟಿಲಿನ ಮೇಲೆ. ಇಲ್ಲಿ ನನ್ನ ಗೇಣಿಗೆ ಒಂದೊಂದೂ ಎಂಟಿಂಚು. ಹನ್ನೊಂದನೆಯ ಮೆಟ್ಟಿಲಿನ ಬಳಿ ಗೋಡೆಯ ಕಂಬಿ ಮುಗಿದು, ಹದಿಮೂರನೆಯದರ ಬಳಿ ಮತ್ತೆ ಶುರುವಾಗಿತ್ತು. ಆ ಎರಡು ಮೆಟ್ಟಿಲುಗಳಲ್ಲಿ ಅಮ್ಮ ಅಂಗೈಯನ್ನು ಬರಿಯ ಗೋಡೆಗೆ ಒತ್ತಿ ಹಿಡಿದರು. ಬೆರಳುಗಳ ತುದಿ ಬೆಳ್ಳಗಾಗಿದ್ದವು. ಬಾಯಲ್ಲಿ ಒಂದೂ ಮಾತಿಲ್ಲ. 19 ಮೆಟ್ಟಿಲು ಮುಗಿಯುವಾಗ ಇಪ್ಪತ್ತು ನಿಮಿಷ ಆಗಿತ್ತು.

ಅಷ್ಟು ಹೊತ್ತೂ ನಮ್ಮ ಸಾಮಾನು ಕೆಳಗೆ ರಸ್ತೆಯಲ್ಲಿತ್ತು. ಲಗೇಜ್ ಇದ್ದಾಗ ಕಷ್ಟ ಹೆಚ್ಚುವುದೇ ಹೀಗೆ. ಅಮ್ಮನನ್ನು ಹಿಡಿದರೆ ಪೆಟ್ಟಿಗೆ ಹಿಡಿಯಲು ಕೈಯಿಲ್ಲ, ಪೆಟ್ಟಿಗೆ ಹಿಡಿದರೆ ಅಮ್ಮನಿಗೆ ಆಸರೆಯಿಲ್ಲ. ಆ ಆಟೊ ಚಾಲಕರು ಹೋಗದೆ ಸೂಟ್‌ಕೇಸಿನ ಪಕ್ಕದಲ್ಲೇ ನಿಂತಿದ್ದರು. ನಾನು ಮೇಲಿನಿಂದ ಇಳಿದು ಬರುವಷ್ಟರಲ್ಲಿ ಅವರೇ ಅದನ್ನು ಹೊತ್ತು ಅರ್ಧ ಮೆಟ್ಟಿಲು ಬಂದಿದ್ದರು. ಕಾದದ್ದಕ್ಕೆ ಹೆಚ್ಚಿಗೆ ಹಣ ಕೊಡಲು ಹೋದರೆ, “ಮೊದಲು ಅಮ್ಮನಿಗೆ ನೀರು ಕೊಡಿ” ಎಂದರು.

ಆ ನೀರನ್ನು ಅಮ್ಮ ಕುಡಿಯಲಿಲ್ಲ. ಮೂರನೆಯ ಮಹಡಿಯ ಕೊಠಡಿಗೆ ಹೋದ ಕೂಡಲೇ ಅವರು ನೋಡಿದ್ದು ಸ್ನಾನಗೃಹದ ಬಾಗಿಲನ್ನು. ಬಾಗಿಲು ಎರಡಡಿಗಿಂತ ಕಿರಿದು, ವಾಕರ್ ಒಳಗೆ ಹೋಗುವುದಿಲ್ಲ. ಹೊಸ್ತಿಲು ಒಂದು ಗೇಣು ಎತ್ತರ. ಅದರಾಚೆ ನುಣುಪಾದ ಟೈಲ್ಸ್, ಒದ್ದೆ. ವೆಸ್ಟರ್ನ್ ಕಮೋಡ್ ಇತ್ತು ನಿಜ, ಆದರೆ ಹಿಡಿದುಕೊಳ್ಳಲು ಗೋಡೆಯಲ್ಲಿ ಒಂದು ಕಂಬಿಯೂ ಇರಲಿಲ್ಲ. ನಾನು ಟವೆಲ್ ಹಾಸಿ, ಎರಡೂ ಕೈ ಹಿಡಿದು ಒಂದು ಸಲ ಒಳಗೆ ಕರೆದುಕೊಂಡು ಹೋಗಿ ಬಂದೆ. ಆಮೇಲೆ ಅಮ್ಮ ರಾತ್ರಿಯ ಮಾತ್ರೆಯನ್ನು ಒಂದೇ ಗುಟುಕು ನೀರಿನಲ್ಲಿ ನುಂಗಿ ಲೋಟವನ್ನು ದೂರ ಸರಿಸಿದರು. ಮತ್ತೆ ಏಳುವ ಪ್ರಸಂಗ ಬಾರದಿರಲಿ ಎಂದು. ಬೆಳಗಿನ ತನಕ ತುಟಿ ಒಣಗಿಸಿಕೊಂಡೇ ಮಲಗಿದರು. ವಯಸ್ಸಾದವರು ಹೀಗೆ ನೀರು ಬಿಡುವುದು ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಪ್ರಯಾಣದಲ್ಲಿ ಅವರು ನೀರು ಕುಡಿಯುತ್ತಿಲ್ಲವಾದರೆ ಮೊದಲು ಶೌಚಾಲಯದ ಬಾಗಿಲನ್ನು ನೋಡಿ.

ಮುಹೂರ್ತ 9.20ಕ್ಕೆ. ಅಮ್ಮ ಏಳೂವರೆಗೇ ರೇಷ್ಮೆ ಸೀರೆಯುಟ್ಟು, ಮಂಚದ ತುದಿಯಲ್ಲಿ ಕೂತು ಸಿದ್ಧರಾಗಿದ್ದರು. ಎಂಟಕ್ಕೆ ಕರೆಂಟು ಹೋಯಿತು. ಜನರೇಟರ್ ಇದೆಯಲ್ಲ ಎಂದರೆ, ಅದು ಕೊಠಡಿಗಳ ದೀಪ ಮತ್ತು ಫ್ಯಾನಿಗೆ ಮಾತ್ರ, ಲಿಫ್ಟಿಗೆ ಜೋಡಿಸಿಲ್ಲ ಎಂದರು. ಒಂಬತ್ತಕ್ಕೆ ಮಾವನ ಕಡೆಯ ಇಬ್ಬರು ಹುಡುಗರು ಓಡಿ ಬಂದು, “ಅತ್ತೆ, ನಾವು ಎತ್ತಿಕೊಳ್ಳುತ್ತೇವೆ” ಎಂದರು. ಮೂರು ಮಹಡಿ, ಕತ್ತಲ ಮೆಟ್ಟಿಲು. ಅಮ್ಮ ಒಪ್ಪಲಿಲ್ಲ. “ನೀವು ಹೋಗಿ ಅಕ್ಷತೆ ಹಾಕಿ” ಎಂದು ಅವರನ್ನು ಕಳಿಸಿದರು. ಹತ್ತೂವರೆಗೆ ಕರೆಂಟು ಬಂತು. ಮತ್ತೆ ಆ 19 ಮೆಟ್ಟಿಲು ಇಳಿದು ಕಲ್ಯಾಣ ಮಂಟಪ ತಲುಪಿದಾಗ ಎರಡನೆಯ ಪಂಕ್ತಿ ಊಟಕ್ಕೆ ಕೂತಿತ್ತು. ಮದುಮಗ ಎದ್ದು ಬಂದು ಅಮ್ಮನ ಕಾಲಿಗೆ ಬಿದ್ದ. ಅಮ್ಮ ಅವನ ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ.

ಉಳಿದ ಒಂದು ರಾತ್ರಿಯ ಹಣ ಹಿಂದಿರುಗಿಸಲಿಲ್ಲ. “ನೀವು ಲಿಫ್ಟ್ ಕೇಳಿದಿರಿ, ಮೆಟ್ಟಿಲು ಕೇಳಲಿಲ್ಲ” ಎಂದರು ಮ್ಯಾನೇಜರ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಉತ್ತರ ಇನ್ನೂ ಬರಬೇಕು. ಇದು ಬರಿಯ ಸೌಜನ್ಯದ ಪ್ರಶ್ನೆಯಲ್ಲ ಎಂಬುದನ್ನು ಲಾಡ್ಜ್ ನಡೆಸುವವರೂ ತಿಳಿಯಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಾರ್ವಜನಿಕ ಕಟ್ಟಡ’ ಎನ್ನುವಾಗ, ಜನ ಬಳಸುವ ಖಾಸಗಿ ವಾಣಿಜ್ಯ ಕಟ್ಟಡಗಳನ್ನೂ ಸೇರಿಸಿಕೊಂಡಿದೆ. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಲ್ಲಿ ಮೆಟ್ಟಿಲಿನ ಎತ್ತರ 150 ಮಿಲಿಮೀಟರ್ ಮೀರಬಾರದು, ಅಂದರೆ ಅದೇ ಆರಿಂಚು. ಎರಡೂ ಬದಿಗೆ ಕಂಬಿ ಇರಬೇಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ, ಇಂಥ ಮಾನದಂಡಗಳು ಬರಿಯ ಶಿಫಾರಸಿನಂತೆ ಇದ್ದರೆ ಸಾಲದು, ಕಡ್ಡಾಯ ನಿಯಮಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. ಆದರೆ ರಾತ್ರಿ ಹತ್ತು ಗಂಟೆಗೆ ಮೆಟ್ಟಿಲ ಕೆಳಗೆ ನಿಂತವರಿಗೆ ಕಾಯ್ದೆ ಕೈ ಕೊಟ್ಟು ಹತ್ತಿಸುವುದಿಲ್ಲ. ಅದಕ್ಕೇ ಹೊರಡುವ ಮೊದಲು ಕೇಳಬೇಕು.

“ಲಿಫ್ಟ್ ಇದೆಯೇ” ಎಂದು ಕೇಳಬೇಡಿ. “ಆಟೊ ನಿಲ್ಲುವ ಜಾಗದಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು ಹತ್ತಬೇಕು” ಎಂದು ಕೇಳಿ. ಎಣಿಸಿ ಹೇಳಿ ಎನ್ನಿ. “ಒಂದೆರಡು ಇರಬಹುದು” ಎಂದರೆ ಎಣಿಸಿಲ್ಲ ಎಂದೇ ಅರ್ಥ. ಲಿಫ್ಟ್ ರಸ್ತೆಯ ಮಟ್ಟದಿಂದಲೇ ಶುರುವಾಗುತ್ತದೆಯೇ, ಕರೆಂಟು ಹೋದರೆ ಜನರೇಟರಿನಲ್ಲಿ ಓಡುತ್ತದೆಯೇ, ಈ ಎರಡನ್ನೂ ಬೇರೆಬೇರೆಯಾಗಿ ಕೇಳಿ. ರಸ್ತೆಯಿಂದ ಕೊಠಡಿಯ ಸ್ನಾನಗೃಹದವರೆಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೆಗೆದು ಕಳಿಸಲು ಹೇಳಿ. ಕಳಿಸುವುದಿಲ್ಲ ಎನ್ನುವವರಿಗೆ ಮುಂಗಡ ಕಟ್ಟಬೇಡಿ. ಲಾಡ್ಜಿನ ಹಾಸಿಗೆಯ ಚಿತ್ರಕ್ಕಿಂತ ಕಟ್ಟಡದ ಹೊರಗಿನ ಚಿತ್ರವನ್ನು ಗಮನವಿಟ್ಟು ನೋಡಿ. ಕೆಳಗೆ ಅಂಗಡಿ ಸಾಲು, ಮೇಲೆ ಬೋರ್ಡು ಕಂಡರೆ ಅನುಮಾನಪಡಿ.

‘ರ‍್ಯಾಂಪ್ ಇದೆ’ ಎಂಬ ಮಾತನ್ನೂ ಹಾಗೆಯೇ ಪರೀಕ್ಷಿಸಬೇಕು. ಒಂದಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಎಷ್ಟೋ ಕಡೆ ಇರುವುದು ಬೈಕ್ ಹತ್ತಿಸಲು ಸಿಮೆಂಟು ಮೆತ್ತಿದ ದಿಬ್ಬ. ಅದರ ಮೇಲೆ ವಾಕರ್ ಇಟ್ಟರೆ ಹಿಂದಕ್ಕೆ ಜಾರುತ್ತದೆ.

‘ನಿಲ್ದಾಣಕ್ಕೆ ಹತ್ತಿರ’ ಎಂಬುದನ್ನೂ ನಾನು ಇನ್ನು ಮೊದಲಿಗೆ ಇಡುವುದಿಲ್ಲ. ಆ 400 ಮೀಟರ್ ನಕ್ಷೆಯ ಮೇಲೆ ಗೆರೆ ಎಳೆದ ದೂರ. ದಾವಣಗೆರೆಯ ನಡುವೆ ರೈಲು ಹಳಿ ಹಾದು ಹೋಗಿದೆ, ಹಳಿಯ ಆಚೆಗಿರುವುದೂ ನಕ್ಷೆಯಲ್ಲಿ ಪಕ್ಕದಲ್ಲೇ ಕಾಣುತ್ತದೆ. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ಕಾದು ನಿಂತ ನೆನಪಿರುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲದೆ ಲಗೇಜ್ ಇದ್ದಾಗ ಹೇಗೂ ಆಟೊ ಹತ್ತಲೇಬೇಕು. ಹತ್ತಿದ ಮೇಲೆ ಅರ್ಧ ಕಿಲೋಮೀಟರ್ ಆದರೇನು, ಮೂರಾದರೇನು? ಮದುವೆಯ ಮಧ್ಯಾಹ್ನ ನಾವು ಊರಂಚಿನ ಬೇರೆ ಲಾಡ್ಜಿಗೆ ಹೋದೆವು. ಹೆಚ್ಚಿಗೆ ಆದದ್ದು 120 ರೂಪಾಯಿ ಆಟೊ ಬಾಡಿಗೆ. ಆಟೊ ಬಾಗಿಲಿಗೇ ಬಂತು, ಕೊಠಡಿ ನೆಲಮಹಡಿಯಲ್ಲಿತ್ತು. ಅಮ್ಮ ಅಂದು ಸಂಜೆ ಎರಡು ಲೋಟ ನೀರು ಕುಡಿದರು.

ಮುಂದಿನ ತಿಂಗಳು ಚಿತ್ರದುರ್ಗದಲ್ಲಿ ಅಮ್ಮನ ತಂಗಿಯ ಮೊಮ್ಮಗುವಿನ ನಾಮಕರಣವಿದೆ. ನಿನ್ನೆ ಅಲ್ಲಿಯ ಒಂದು ಲಾಡ್ಜಿಗೆ ಫೋನ್ ಮಾಡಿ ಇದೇ ಪ್ರಶ್ನೆಗಳನ್ನು ಕೇಳಿದೆ. ಎತ್ತಿದವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೋಡಿ ಹೇಳುತ್ತೇನೆ” ಎಂದು ಇಟ್ಟರು. ಹತ್ತು ನಿಮಿಷ ಬಿಟ್ಟು ಅವರೇ ಕರೆ ಮಾಡಿದರು. “ಬಾಗಿಲ ಮುಂದೆ ಎರಡು ಮೆಟ್ಟಿಲು ಮೇಡಂ, ಕಂಬಿ ಇದೆ. ರೂಮು ಕೆಳಗೇ ಇದೆ. ಬಾತ್‌ರೂಮಿನ ಬಾಗಿಲನ್ನು ಟೇಪ್ ಹಿಡಿದು ಅಳೆದೆ, 29 ಇಂಚು.” ಅಮ್ಮನ ವಾಕರ್ 23 ಇಂಚು. ಕೊಠಡಿ ಕಾದಿರಿಸಿದೆ.