ಕುಣಿಯುವ ಐಡಲ್‌ಗೆ ಹೊಗೆ ಪರೀಕ್ಷೆಯೋ, ಸ್ಪ್ರೇ ಡಬ್ಬಿಯೋ, ಬ್ಲೂಟೂತ್ ಅಡಾಪ್ಟರೋ?

ಹಳೆಯ ಟರ್ಬೊ ಪೆಟ್ರೋಲ್ ಕಾರಿನ ಐಡಲ್, ಅಂದರೆ ಗಾಡಿ ನಿಂತಿರುವಾಗ ಎಂಜಿನ್ ತಿರುಗುವ ವೇಗ, ಏರಿಳಿಯತೊಡಗಿದರೆ ನಾನೀಗ ಮೊದಲು ಹಣ ಕೊಡುವುದು ಗಾಳಿಯ ದಾರಿಗೆ ಹೊಗೆ ತುಂಬಿ ಸೋರಿಕೆ ಹುಡುಕುವ ಹೊಗೆ ಪರೀಕ್ಷೆಗೆ. ಇದನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ಏಕೆಂದರೆ ಈ ತೀರ್ಮಾನಕ್ಕೆ ಬರುವ ಮುನ್ನ ಪುಣೆಯ ನಾನಾ ಪೇಠೆಯಲ್ಲಿ 6,800 ರೂಪಾಯಿ ತೆತ್ತು, ಎಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುವ ಹೊಸ ಏರ್‌ಫ್ಲೋ ಸೆನ್ಸರ್ ಕೊಂಡಿದ್ದೆ. ಎಲೆಕ್ಟ್ರಿಕಲ್ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಫಲಕ ಕಣ್ಣಿಗೆ ಬಿದ್ದದ್ದು ಬಿಲ್ ಕೈಗೆ ಬಂದ ಮೇಲೆ. ಬಿಚ್ಚಿಟ್ಟ ಹಳೆಯ ಸೆನ್ಸರ್‌ಗೆ ಯಾವ ರೋಗವೂ ಇರಲಿಲ್ಲವೆಂದು ಈಗ ಗೊತ್ತಾಗಿದೆ.

ನನ್ನದು 2005ರ ಸೆಡಾನ್. ಬೆಳಿಗ್ಗೆ ಚಾಲೂ ಮಾಡಿದಾಗ ತಕರಾರಿಲ್ಲ. ಎಂಜಿನ್ ಬಿಸಿಯಾಗಿ ಕರ್ವೆ ರಸ್ತೆಯ ಸಿಗ್ನಲ್‌ನಲ್ಲಿ ನಿಂತೊಡನೆ, ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು ತೋರಿಸುವ, 800ರ ಆಸುಪಾಸಿನಲ್ಲಿ ನಿಲ್ಲಬೇಕಾದ ಆರ್‌ಪಿಎಂ ಮುಳ್ಳು 600ಕ್ಕೆ ಇಳಿದು 1,100ಕ್ಕೆ ಏರಿ ಮತ್ತೆ ಇಳಿಯುತ್ತಿತ್ತು. ಏಸಿ ಹಾಕಿದರೆ ಕೆಲವೊಮ್ಮೆ ಎಂಜಿನ್ನೇ ಬಂದ್. ಆದರೆ ಧಾರವಾಡಕ್ಕೆ ಹೋಗುವಾಗ ಇದೇ ಕಾರು ಖಂಬಾಟಕಿ ಘಾಟನ್ನು ಒಂದು ಕೆಮ್ಮೂ ಇಲ್ಲದೆ ಹತ್ತುತ್ತಿತ್ತು. ಘಾಟ್ ಹತ್ತಬಲ್ಲ ಗಾಡಿಗೆ ಸಿಗ್ನಲ್‌ನಲ್ಲಿ ಸುಮ್ಮನೆ ನಿಲ್ಲಲು ಬಾರದು ಎಂಬುದರಲ್ಲಿಯೇ ಉತ್ತರವಿತ್ತು. ನನಗಾಗಲಿ, ಸೆನ್ಸರ್ ಬದಲಿಸಲು ಹೇಳಿದ ಗ್ಯಾರೇಜಿನವರಿಗಾಗಲಿ ಅದು ಹೊಳೆಯಲಿಲ್ಲ.

ಕಾರಿನ ಕಂಪ್ಯೂಟರ್ ಹೇಳುವುದನ್ನು ಫೋನಿನಲ್ಲಿ ತೋರಿಸುವ ಬ್ಲೂಟೂತ್ ಅಡಾಪ್ಟರಿಗೆ 900 ರೂಪಾಯಿ ಕೊಟ್ಟೆ. ಅದು ತೋರಿಸಿದ ದೋಷದ ಕೋಡ್ ಪಿ0171, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಕೋಡ್ ನೋಡಿಯೇ ಸೆನ್ಸರ್ ಕೊಂಡದ್ದು ನನ್ನ ಆತುರ. ನೋಡಬೇಕಾಗಿದ್ದದ್ದು ಫ್ಯೂಯೆಲ್ ಟ್ರಿಮ್, ಅಂದರೆ ಕೊರತೆ ತುಂಬಲು ಕಂಪ್ಯೂಟರ್ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚಿಸುತ್ತಿದೆ ಎಂಬ ಲೆಕ್ಕ. ಐಡಲ್‌ನಲ್ಲಿ ಅದು +18, ಆ್ಯಕ್ಸಲರೇಟರ್ ಒತ್ತಿ 2,500ಕ್ಕೆ ಏರಿಸಿದರೆ +4. ಸೆನ್ಸರ್ ಗಾಳಿಯನ್ನು ಕಡಿಮೆ ಅಳೆಯುತ್ತಿದ್ದರೆ ವೇಗ ಹೆಚ್ಚಿದಂತೆ ಈ ಸಂಖ್ಯೆ ಹೀಗೆ ಇಳಿಯುವುದಿಲ್ಲ. ಇಳಿಯಿತೆಂದರೆ, ಸೆನ್ಸರ್ ದಾಟಿದ ಮೇಲೆ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಬರುತ್ತಿದೆ. ಎಂಜಿನ್ ಸ್ವಲ್ಪವೇ ಗಾಳಿ ಎಳೆಯುವ ಐಡಲ್‌ನಲ್ಲಿ ಆ ಪಾಲು ದೊಡ್ಡದು, ವೇಗದಲ್ಲಿ ನಗಣ್ಯ. ಇಷ್ಟನ್ನು ಅಡಾಪ್ಟರ್ ಹೇಳುತ್ತದೆ, ತೂತು ಎಲ್ಲಿದೆ ಎಂದು ಮಾತ್ರ ಹೇಳುವುದಿಲ್ಲ.

ಸ್ಪ್ರೇ ಡಬ್ಬಿ 350 ರೂಪಾಯಿ. ಎಂಜಿನ್ ಓಡುತ್ತಿರುವಾಗ ಪೈಪುಗಳ ಸುತ್ತ ಕಾರ್ಬ್ ಕ್ಲೀನರ್ ಸಿಂಪಡಿಸಿ, ಆರ್‌ಪಿಎಂ ಬದಲಾದ ಜಾಗವನ್ನು ಹಿಡಿಯುವ ಹಳೆಯ ಉಪಾಯವಿದು. ಮುಳ್ಳು ತಾನಾಗಿಯೇ ಕುಣಿಯುತ್ತಿರುವಾಗ ಯಾವ ಕುಣಿತ ಸ್ಪ್ರೇಯದ್ದು, ಯಾವುದು ರೋಗದ್ದು ಎಂದು ಹೇಗೆ ತಿಳಿಯಬೇಕು? ಅದಕ್ಕಿಂತ ಮುಖ್ಯವಾಗಿ, ಬೆಂಕಿ ಹತ್ತುವ ದ್ರವವನ್ನು ಕಾದ ಟರ್ಬೊ ಪಕ್ಕದಲ್ಲಿ ಸಿಂಪಡಿಸುವ ಧೈರ್ಯ ನನಗೆ ಇನ್ನೊಮ್ಮೆ ಬರಲಾರದು. ಸೊಸೈಟಿಯ ಕಾವಲುಗಾರ ವಾಸನೆಗೆ ಓಡಿಬಂದದ್ದು ಬೇರೆ ಮಾತು.

ಎಂಜಿನ್ನಿಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್ ಬಾಡಿಯನ್ನೂ ಸ್ವಚ್ಛಗೊಳಿಸಿದೆ. ಉಪಯೋಗವಾಗಲಿಲ್ಲ, ಆಮೇಲೆ ಮಾಡಬೇಕಾದ ಅಡಾಪ್ಟೇಶನ್, ಅಂದರೆ ಅದರ ಹೊಸ ಸ್ಥಿತಿಯನ್ನು ಕಂಪ್ಯೂಟರಿಗೆ ಕಲಿಸುವ ಕೆಲಸ, ನನ್ನ ಅಗ್ಗದ ಅಡಾಪ್ಟರಿನಿಂದ ಆಗಲೂ ಇಲ್ಲ.

ಇನ್ನು ಹೊಗೆ ಪರೀಕ್ಷೆ. ಎಂಜಿನ್ ಬಂದ್ ಮಾಡಿ, ಎಣ್ಣೆ ಕಾಯಿಸಿ ಎಬ್ಬಿಸಿದ ಹೊಗೆಯನ್ನು ತೀರ ಕಡಿಮೆ ಒತ್ತಡದಲ್ಲಿ ಗಾಳಿಯ ದಾರಿಗೆ ತುಂಬುತ್ತಾರೆ. ಬಿರುಕಿದ್ದಲ್ಲಿ ಹೊಗೆ ಹೊರಬರುತ್ತದೆ. ನನ್ನ ಮೆಚ್ಚಿನ ವಿಧಾನವಾದರೂ ಮೊದಲ ಸಲ ಇದು ಸಂಪೂರ್ಣ ವಿಫಲವಾಯಿತು. ವಾರ್ಜೆಯ ಕಡೆಯ ಒಂದು ಗ್ಯಾರೇಜಿನಲ್ಲಿ 1,500 ರೂಪಾಯಿ ಪಡೆದು, ಬ್ರೇಕ್ ಬೂಸ್ಟರಿನ ಪೈಪ್ ಕಳಚಿ ಥ್ರಾಟಲ್ ದಾಟಿದ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಇಂಟೇಕ್ ಮ್ಯಾನಿಫೋಲ್ಡಿಗೆ ನೇರವಾಗಿ ಹೊಗೆ ಬಿಟ್ಟರು. ಥ್ರಾಟಲ್‌ನ ಸಣ್ಣ ಸಂದಿಯಿಂದ ಹಿಂದಕ್ಕೆ ಹರಿದ ಹೊಗೆ ಇಂಟರ್‌ಕೂಲರ್, ಟರ್ಬೊ ದಾಟಿ ಏರ್ ಫಿಲ್ಟರಿನ ಡಬ್ಬಿಯಿಂದ ಎದ್ದಿತು. ತೆರೆದೇ ಇರುವ ದಾರಿಯದು, ಅಲ್ಲಿ ಹೊಗೆ ಬರುವುದೇ ಸರಿ. ಬೇರೆಲ್ಲಿಯೂ ಒಂದು ಎಳೆಯೂ ಕಾಣಲಿಲ್ಲ. ಸೋರಿಕೆಯೇ ಇಲ್ಲವೆಂದು ಬರೆದುಕೊಟ್ಟರು. +18 ತೋರಿಸುವ ಫೋನನ್ನು ಕೈಯಲ್ಲಿ ಹಿಡಿದು ನಾನು ಮನೆಗೆ ಬಂದೆ.

ಎರಡು ವಾರ ಅಡಾಪ್ಟರಿನ ಮಾತನ್ನು ನಂಬಲೋ, ಹೊಗೆಯನ್ನು ನಂಬಲೋ ಎಂದು ತಿಳಿಯದೆ ಕಳೆದೆ. ಗೆಳೆಯರೊಬ್ಬರು ಅಕ್ಕಲಕೋಟೆ ಕಡೆಯ ಮೇಸ್ತ್ರಿಯೊಬ್ಬರ ಬಳಿಗೆ ಕಳಿಸಿದರು. ಅವರು ಕೇಳಿದ ಮೊದಲ ಪ್ರಶ್ನೆಯೇ ಹೊಗೆಯನ್ನು ಯಾವ ಕಡೆಯಿಂದ ಬಿಟ್ಟರು ಎಂಬುದು. ನಾನು ಹೇಳಿದೊಡನೆ ನಕ್ಕು, "ಅಲ್ಲಿಂದ ಹಾಕಿದ್ರ ವಾಲ್ ಬಾಗಲಾ ಮುಚ್ಕೋತೈತ್ರೀ ಸರ, ಹೊಗಿ ಮುಂದ ಹೋಗೂದ ಇಲ್ಲ" ಎಂದರು.

ವಿಷಯ ಇಷ್ಟೇ. ಎಂಜಿನ್ ಹೊಟ್ಟೆಯಲ್ಲಿ ಸೇರುವ ಎಣ್ಣೆಯ ಆವಿಯನ್ನು ಬ್ರೀದರ್ ಪೈಪ್ ಮ್ಯಾನಿಫೋಲ್ಡಿಗೆ ಒಯ್ಯುತ್ತದೆ, ಮತ್ತು ಟರ್ಬೊ ಎಂಜಿನ್ನಿನಲ್ಲಿ ಆ ದಾರಿಗೆ ಒಂದು ಏಕಮುಖ ವಾಲ್ವ್ ಇರಲೇಬೇಕು. ಇಲ್ಲದಿದ್ದರೆ ಬೂಸ್ಟಿನ, ಅಂದರೆ ಟರ್ಬೊ ಒತ್ತಿ ತುಂಬುವ ಗಾಳಿಯ, ಒತ್ತಡ ತಿರುಗಿ ಎಂಜಿನ್ ಹೊಟ್ಟೆಯನ್ನೇ ಸೇರುತ್ತದೆ. ಐಡಲ್‌ನಲ್ಲಿ ಮ್ಯಾನಿಫೋಲ್ಡ್ ಗಾಳಿಯನ್ನು ಹೀರುವುದರಿಂದ ವಾಲ್ವ್ ತೆರೆದಿರುತ್ತದೆ, ಘಾಟ್ ಹತ್ತುವಾಗ ಬೂಸ್ಟ್ ಏರಿದರೆ ಮುಚ್ಚಿಕೊಳ್ಳುತ್ತದೆ. ಬಿರುಕು ವಾಲ್ವಿನ ಎಂಜಿನ್ ಕಡೆಯ ಬದಿಗಿದ್ದರೆ ಸಿಗ್ನಲ್‌ನಲ್ಲಿ ಮಾತ್ರ ಕಾಡುತ್ತದೆ. ಮ್ಯಾನಿಫೋಲ್ಡಿನಿಂದ ಹೊಗೆ ಒತ್ತಿದಾಗಲೂ ಅದೇ ವಾಲ್ವ್ ಬೂಸ್ಟ್ ಬಂತೆಂದು ತಿಳಿದು ಮುಚ್ಚಿಕೊಂಡಿತ್ತು.

ಮೇಸ್ತ್ರಿ ಎಣ್ಣೆ ಹಾಕುವ ಬಾಯಿಗೆ ರಬ್ಬರ್ ಬಿರಡೆ ಜಡಿದು, ಸೀಲುಗಳಿಗೆ ಪೆಟ್ಟಾಗದಂತೆ ಒತ್ತಡವನ್ನು ಇನ್ನೂ ತಗ್ಗಿಸಿ, ಆ ಕಡೆಯಿಂದ ಹೊಗೆ ಬಿಟ್ಟರು. ಕೆಲವೇ ನಿಮಿಷಗಳಲ್ಲಿ ಮ್ಯಾನಿಫೋಲ್ಡಿನ ಅಡಿಯಿಂದ ಅಗರಬತ್ತಿಯ ಎಳೆಯಂಥ ಹೊಗೆ ಮೇಲೆದ್ದಿತು. ಕೈಗನ್ನಡಿ ಹಿಡಿದು ಟಾರ್ಚ್ ಬಿಟ್ಟು ನೋಡಿದರೆ, ಎಣ್ಣೆಯ ಆವಿಗೂ ಬಿಸಿಗೂ ಬೆಂದು ಗಟ್ಟಿಯಾಗಿದ್ದ ರಬ್ಬರ್ ಮೊಣಕೈ ಪೈಪ್ ಒಳಬಾಗಿನಲ್ಲಿ ಉಗುರಿನಷ್ಟುದ್ದ ಸೀಳಿತ್ತು. ಸ್ಪ್ರೇ ಅಲ್ಲಿಗೆ ತಲುಪುವ ಮಾತೇ ಇರಲಿಲ್ಲ. ಪರೀಕ್ಷೆಗೆ 800, ಪೈಪಿಗೆ 1,100 ರೂಪಾಯಿ. ಮುಳ್ಳು 780ಕ್ಕೆ ಬಂದು ನಿಂತಿತು, ಟ್ರಿಮ್ +2ಕ್ಕೆ ಇಳಿಯಿತು.

ವರ್ಷಕ್ಕೆ ನಾಲ್ಕು ಸಲ ಧಾರವಾಡಕ್ಕೆ ಹೋಗಿಬರುವ, ಉಳಿದ ದಿನ ಊರೊಳಗೆ ಓಡಿಸುವ, ಸ್ಪ್ಯಾನರ್ ಹಿಡಿಯಲು ಭಾನುವಾರ ಮಾತ್ರ ಬಿಡುವಿರುವ ನನ್ನಂಥವನಿಗೆ ಹೊಗೆ ಪರೀಕ್ಷೆಯೇ ಅಗ್ಗ. ವ್ಯರ್ಥವಾದ 1,500 ಸೇರಿಸಿದರೂ ಅದು ಸೆನ್ಸರಿನ ಬೆಲೆಯ ಅರ್ಧಕ್ಕಿಂತ ಕಡಿಮೆ. ಮೂರು ಹಳೆಯ ಗಾಡಿಗಳನ್ನು ಸಾಕುವವರಾದರೆ ಅಡಾಪ್ಟರಿಗೇ ಮೊದಲ ಸ್ಥಾನ ಕೊಟ್ಟಾರು. ನನ್ನ ಅಡಾಪ್ಟರ್ ಗ್ಲೋವ್ ಬಾಕ್ಸಿನಲ್ಲಿದೆ, ಟ್ರಿಮ್ ನೋಡಲು ತಿಂಗಳಿಗೊಮ್ಮೆ ಹೊರತೆಗೆಯುತ್ತೇನೆ. ಸ್ಪ್ರೇ ಡಬ್ಬಿಯಲ್ಲಿ ಉಳಿದದ್ದನ್ನು ಸೈಕಲ್ ಚೈನ್ ತೊಳೆಯಲು ಮಗನಿಗೆ ಕೊಟ್ಟಿದ್ದೇನೆ. ಇನ್ನೊಮ್ಮೆ ಹೊಗೆ ಹಾಕಿಸುವಾಗ, ಯಾವ ಬಾಯಿಯಿಂದ ಬಿಡುತ್ತೀರಿ ಎಂದು ದುಡ್ಡು ಕೊಡುವ ಮೊದಲೇ ಕೇಳುತ್ತೇನೆ.